ಮೈದುನನ ಬತ್ತಿ ಕಂಪನಿ

ದೇವರ ಮುಂದೆ ಕೈಮುಗಿದು ನಿಂತವರನ್ನು ಕಂಡರೆ ನಿಮಗೆ ಭಕ್ತಿ ಬರಬಹುದು. ನನ್ನ ಮೈದುನನಿಗೆ ಗಿರಾಕಿ ಕಂಡಂತಾಗುತ್ತಿತ್ತು!

ಎಂಬತ್ತರ ದಶಕದ ಮಾತು. ಅವನು ಕೊಯಮತ್ತೂರಿನಲ್ಲಿ ಓದುತ್ತಿದ್ದ. ಅವರ ವಿಶ್ವವಿದ್ಯಾಲಯದಲ್ಲಿ ಸ್ವಂತ ಉದ್ಯಮ ಹೂಡುವುದನ್ನೂ ಒಂದು ಪಾಠವಾಗಿ ಕಲಿಸುತ್ತಿದ್ದರು. ಏನಾದರೂ ತಯಾರಿಸಿ ಮಾರಿ ತೋರಿಸಿದರೇ ಪಾಸು. ಪಾಠ ಅಲ್ಲಿ, ಪ್ರಯೋಗಕ್ಕೆ ಸಿಕ್ಕವಳು ಅಲ್ಲೇ ಹತ್ತಿರದ ಸೋಮನೂರಿನಲ್ಲಿದ್ದ ನಾನು.

ನಮ್ಮ ಮನೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ಡು. ಆ ಸದ್ದಿನಲ್ಲಿ ಮಾತು ಕೇಳದೆಂದು ಅಲ್ಲಿ ಎಲ್ಲರದೂ ಕೈಸನ್ನೆ. ನಮ್ಮ ಯಜಮಾನರಿಗೆ ಅದು ಎಷ್ಟು ರೂಢಿಯೆಂದರೆ, ಮನೆಯೊಳಗೂ ಹೆಬ್ಬೆರಳು ಬಾಯಿಗೆ ತಂದರೆ ಕಾಫಿ ಬೇಕು, ಅಂಗೈ ಅಡ್ಡ ಹಿಡಿದರೆ ಸಾಕು ಎಂದರ್ಥ. ಒಳ್ಳೆಯವರು. ಕುಡಿತವಿಲ್ಲ, ಬೈಗುಳವಿಲ್ಲ. ಮಾತೂ ಇಲ್ಲ, ಅಷ್ಟೆ. ಮನೆಮಾತು ಕನ್ನಡವೇ ಆದರೂ, ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಬಂದ ನನಗೆ ಬೀದಿಯ ತಮಿಳು ಅರ್ಧಂಬರ್ಧ. ಮಧ್ಯಾಹ್ನವೆಲ್ಲ ಒಬ್ಬಳೇ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ದೇವರು ಅದೊಂದು ಕೆಲಸವನ್ನಾದರೂ ಕೊಟ್ಟಿದ್ದಾನಲ್ಲ ಎಂದು ಸಮಾಧಾನ.

ಒಂದು ಶನಿವಾರ ಮೈದುನ ಬಂದು ಎದುರಿಗೆ ಕುಳಿತ.

"ಅತ್ತಿಗೆ, ದಿನಾ ಉರಿದು ಮುಗಿಯೋ ಸಾಮಾನಿಗೆ ಗಿರಾಕಿ ತಿರುಗಿ ಬಂದೇ ಬರ್ತಾನೆ ಅಂತ ಕ್ಲಾಸಿನಲ್ಲಿ ನಮ್ಮ ವಾತ್ಯಾರ್ ಹೇಳವ್ರೆ. ಬತ್ತಿ ಕಂಪನಿ ಮಾಡೋಣ. ನೀವೇ ಮೊದಲಾಳಿ."

"ಯಜಮಾನಿ ನಾನಾದರೆ ನೀನು ಯಾರಪ್ಪ?"

"ನಾನು ಮ್ಯಾನೇಜರ್. ಒಂದು ಕಾಪಿ ಕೊಡಿ."

ಯಜಮಾನಿ ಎದ್ದು ಮ್ಯಾನೇಜರಿಗೆ ಕಾಫಿ ಕಾಸುವ ಕಂಪನಿ ಲೋಕದಲ್ಲಿ ಬೇರೆಲ್ಲಾದರೂ ಉಂಟೆ?

ಅಲ್ಲಿಂದ ಪ್ರತಿ ಶನಿವಾರ ಹಾಜರಿ. ಪಕ್ಕದ ಮನೆಯ ಅಜ್ಜಿಯನ್ನು ಹಿಡಿದು, "ಪಾಟಿ, ನಿಮ್ಮ ಭಕ್ತಿ ದಿನಕ್ಕೆ ಎಷ್ಟು ಹೊತ್ತು ಉರೀತದೆ?" ಎಂದು ಕೇಳಿ, ಚೆನ್ನಾಗಿ ಬೈಸಿಕೊಂಡು ಬಂದು, "ಮಾರ್ಕೆಟ್ ಕಷ್ಟ, ಅತ್ತಿಗೆ," ಎಂದ. ನಾನು ನಕ್ಕೆ. ನನ್ನ ನಗು ನನಗೇ ಹೊಸದೆನಿಸಿತು. ಈ ಕಂಪನಿ ಮುಳುಗಿದರೆ ನನ್ನ ಶನಿವಾರವೂ ಮುಳುಗಿತು ಎಂದು ಅಂದಿನಿಂದ ದೇವರಿಗೆ ಒಂದು ನಮಸ್ಕಾರ ಹೆಚ್ಚಿಗೆ ಹಾಕತೊಡಗಿದೆ.

ಮುಳುಗುವುದೂ ತಡವಾಗಲಿಲ್ಲ. "ಹತ್ತಿ ಯಾಕೆ ಕೊಳ್ಳಬೇಕು? ಶೆಡ್ಡಿನಲ್ಲಿ ಮಗ್ಗದ ಹಾಸಿನ ನೂಲಿನ ತುಂಡು ಸುಮ್ಮನೆ ಬಿದ್ದದಲ್ಲ," ಎಂದ ಮ್ಯಾನೇಜರ್. ಅದನ್ನೇ ಹೊಸೆದು ಕೊಟ್ಟೆ. ಅವರ ವಿಶ್ವವಿದ್ಯಾಲಯದಲ್ಲಿ ಹುಡುಗರು ಮಾಡಿದ ಸಾಮಾನಿನ ಪ್ರದರ್ಶನದ ದಿನ ಅತಿಥಿಗಳು ನಮ್ಮ ಬತ್ತಿಯನ್ನೇ ಹಾಕಿ ದೀಪ ಹಚ್ಚಿದರು. ಚಟಚಟ ಎಂದಿತು, ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಸಭೆಗೆಲ್ಲ ಅನ್ನ ಸೀದ ವಾಸನೆ. ನೇಯುವಾಗ ಎಳೆ ಕಡಿಯದಿರಲೆಂದು ಹಾಸಿನ ನೂಲಿಗೆ ಗಂಜಿ ಹಾಕಿರುತ್ತಾರೆ. ಅದು ಎಣ್ಣೆ ಹೀರುವುದು ಹೇಗೆ? ತಲೆಮಾರುಗಳಿಂದ ಗಂಜಿ ಹಾಕಿ ನೇಯ್ದ ಮನೆತನದವರಿಗೇ ಇದು ಹೊಳೆಯಲಿಲ್ಲ!

"ವಾತ್ಯಾರ್ ಏನಂದ್ರಪ್ಪ?"

"ನಿಮ್ಮ ಬತ್ತಿ ಊಟ ಮುಗಿಸಿ ಬಂದದೆ, ಎಣ್ಣೆ ಬೇಡವಂತೆ ಅಂದ್ರು."

ಮರುದಿನವೇ ನೂಲನ್ನು ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿ, ಗಂಜಿ ಬಿಡಿಸಿ, ನಾನೇ ಕೂತು ಹೊಸದಾಗಿ ಹೊಸೆದೆ. ಬತ್ತಿ ಉರಿಯಿತು, ಮಾರಾಟವಾಯಿತು, ಅವನು ಪಾಸಾದ. ಕೂಡಲೇ ದೂರದ ವಾಲ್ಪಾರೈ ಬೆಟ್ಟದ ಟೀ ಎಸ್ಟೇಟಿನಲ್ಲಿ ಕೆಲಸವೂ ಸಿಕ್ಕಿತು.

"ಹಾಗಾದರೆ ಕಂಪನಿ?" ಎಂದೆ.

"ಪಾಸಾಯ್ತಲ್ಲ ಅತ್ತಿಗೆ. ಮುಚ್ಚಿಬಿಡೋಣ."

ಹೊರಡುವ ಹಿಂದಿನ ದಿನ ಬೆಳಗಿನಿಂದ ಒಂದೇ ಸಮನೆ ಕೂತು ಬತ್ತಿ ಹೊಸೆದ. ದೊಡ್ಡ ಬಿಸ್ಕತ್ತಿನ ಡಬ್ಬಿ ತುಂಬಿತು.

"ಇನ್ನು ಯಾರಿಗೆ ಮಾರ್ತೀಯೋ?"

"ಮಾರೋಕಲ್ಲ." ತಲೆ ಎತ್ತಲಿಲ್ಲ. "ನೀವು ಒಬ್ರೇ ಕೂತು ಹೊಸೀತಾ ಇರೋದು ಬೇಡ ಅಂತ."

ಪುಣ್ಯಾತ್ಮ! ನನ್ನ ಮಧ್ಯಾಹ್ನಗಳಿಗಿದ್ದ ಒಂದೇ ಕೆಲಸವನ್ನೂ ಮುಗಿಸಿಟ್ಟು ಬಸ್ಸು ಹತ್ತಿದ.

ಸಂಜೆ ಡಬ್ಬಿಯಿಂದ ಒಂದು ಬತ್ತಿ ತೆಗೆದೆ. ದಪ್ಪ, ಸೊಟ್ಟ. ಮ್ಯಾನೇಜರ್ ಅಲ್ಲಿಯವರೆಗೆ ತಾನೇ ಕೂತು ಹೊಸೆದವನಲ್ಲ. ಹಚ್ಚಿದರೆ ಚೆನ್ನಾಗಿಯೇ ಉರಿಯಿತು. ಬೇಗ ಮುಗಿಯದಿರಲೆಂದು ಅದನ್ನು ಎಣ್ಣೆಯೊಳಕ್ಕೆ ಸ್ವಲ್ಪ ಹಿಂದೆಳೆದು ಕುಳಿತೆ.