ಹಲಸಿನಕಟ್ಟೆ ಕ್ರಾಸಿನ ಗುರುವಾರ

ಇದನ್ನು ನಾನು ನೆಟ್ಟಗೆ ಹೇಳಲಾರೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಈವರೆಗೆ ನಾನು ಬರೆದದ್ದು ನಾನು ಕೆಲಸ ಮಾಡುವ ಸಹಕಾರಿ ಸೊಸೈಟಿಯ ವಾರ್ಷಿಕ ಸಭೆಯ ನೋಟಿಸು ಮಾತ್ರ. ಅದರಲ್ಲಿ ಕೋರಂ ಆಗದಿದ್ದರೆ ಅದೇ ಸಭೆಯನ್ನು ಅದೇ ಸ್ಥಳದಲ್ಲಿ ಸ್ವಲ್ಪ ಹೊತ್ತಿನ ನಂತರ ನಡೆಸಲಾಗುವುದು ಎಂದು ಬರೆದರೆ ಮುಗಿಯಿತು. ಕತೆಗೂ ಆ ಅನುಕೂಲ ಇದೆಯೋ ಇಲ್ಲವೋ ತಿಳಿಯದು. ಆದ್ದರಿಂದ ಎಲ್ಲವನ್ನೂ ವಿವರಿಸಿಬಿಡುತ್ತೇನೆ. ಹೆಚ್ಚಾಯಿತು ಅನ್ನಿಸಿದ ಕಡೆ ಬಿಟ್ಟು ಓದಬಹುದು.

ಸಂಗತಿ ಇಷ್ಟು: ಶಿರಸಿಯಿಂದ ಹುಲೇಕಲ್ಲಿಗೆ ಹೋಗುವ ರಸ್ತೆಯಲ್ಲಿ, ಹಲಸಿನಕಟ್ಟೆ ಕ್ರಾಸಿನ ಆಚೀಚೆ, ಪ್ರತಿ ಗುರುವಾರ ಬೆಳಿಗ್ಗೆ ಎಲ್ಲ ವಾಹನಗಳೂ ಬಲಬದಿಯಲ್ಲಿ ಓಡಾಡುತ್ತವೆ. ದಕ್ಷಿಣ ಸುಡಾನಿನಲ್ಲಿ ಶಾಂತಿ ನೆಲೆಸಲಿ ಎಂದು ಮಾಡಿದ ಏರ್ಪಾಡು ಇದು. (ಹಲಸಿನಕಟ್ಟೆಯಲ್ಲಿ ಹಲಸಿನ ಮರವಿಲ್ಲ. ಕಟ್ಟೆ ಇದೆ.)

ಶೈಲಾ ಮೇಡಂ ಹೇರೂರಿನವರು, ನಮ್ಮ ಕಡೆಯ ಒಂದು ಠಾಣೆಯಲ್ಲಿ ಪಿಎಸ್ಐ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಹೋಗಬೇಕೆಂಬುದು ಅವರ ಬಹಳ ವರ್ಷಗಳ ಆಸೆ. ಆಸೆಗೆ ಕಾರಣವಿತ್ತು. ಠಾಣೆಗೆ ಬರುವ ಹೆಂಗಸರು ಬಾಗಿಲಲ್ಲೇ ನಿಂತು ಒಳಗೆ ಇಣುಕುತ್ತಿದ್ದರು. ಮೇಡಂ ಕಂಡರೆ ಒಳಗೆ ಬರುತ್ತಿದ್ದರು, ಕಾಣದಿದ್ದರೆ "ಸುಮ್ನೆ ಬಂದಿದ್ದೆ" ಎಂದು ವಾಪಸಾಗುತ್ತಿದ್ದರು. ಯುದ್ಧ ನಡೆದ ದೇಶಗಳಲ್ಲೂ ಹೆಂಗಸರು ಹೀಗೇ ಬಾಗಿಲಲ್ಲಿ ನಿಲ್ಲುತ್ತಾರೆ, ಒಳಗೆ ಒಬ್ಬ ಹೆಂಗಸು ಇರಬೇಕು ಎಂದು ತರಬೇತಿಯೊಂದರಲ್ಲಿ ಯಾರೋ ಹೇಳಿದ್ದರು. ಅಂದಿನಿಂದ ಆ ಬಾಗಿಲು ಅವರ ತಲೆಯಲ್ಲಿ ತೆರೆದೇ ಇತ್ತು.

ಇಂಗ್ಲಿಷ್ ಪರೀಕ್ಷೆ ಪಾಸಾಯಿತು. ಗುರಿ ಹೊಡೆಯುವುದೂ ಪಾಸಾಯಿತು. ವಾಹನ ಓಡಿಸುವುದರಲ್ಲಿ ಮಾತ್ರ ಕಳೆದ ಸಲ ಫೇಲಾದರು. ದೆಹಲಿಯಲ್ಲಿ ಕೊಟ್ಟ ಗಾಡಿಯ ಸ್ಟೀರಿಂಗ್ ಎಡಗಡೆ, ಓಡಿಸಬೇಕಾದ್ದು ರಸ್ತೆಯ ಬಲಗಡೆ. ಮೇಡಂ ಗಾಡಿ ಹತ್ತಿ, ಹುಟ್ಟಿದಾಗಿನಿಂದ ಬಂದ ಅಭ್ಯಾಸದಂತೆ ಎಡಕ್ಕೆ ಹೋಗಿ, ಎದುರಿಗೆ ಬಂದ ಪರೀಕ್ಷಕರ ಗಾಡಿಗೆ ಸರಿದು ನಿಲ್ಲುವಂತೆ ಕೈ ಮಾಡಿದರು. ವಯೋಮಿತಿಯ ಲೆಕ್ಕದಲ್ಲಿ ಅವರಿಗೆ ಇನ್ನು ಉಳಿದದ್ದು ಒಂದೇ ಅವಕಾಶ.

ಶಿರಸಿಯಲ್ಲಿ ಡ್ರೈವಿಂಗ್ ಶಾಲೆ ನಡೆಸುವ ರಸೂಲ್ ಭಾಯಿ ಅವರಿಗೆ ಕಲಿಸಲು ಒಪ್ಪಿದರು. ಎಡಗಡೆ ಸ್ಟೀರಿಂಗಿನ ಗಾಡಿ ಮೂರು ತಾಲೂಕಿನಲ್ಲೂ ಇರಲಿಲ್ಲ. ಆದರೆ ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವನ ಕಾಲ ಬುಡದಲ್ಲಿ, ಅಂದರೆ ಎಡಗಡೆ, ಕ್ಲಚ್ಚು ಬ್ರೇಕು ಇರುತ್ತವೆ. ಮೇಡಂ ಅಲ್ಲಿ ಕೂತರು. ಸ್ಟೀರಿಂಗ್ ಬಲಗಡೆ ಕೂತ ರಸೂಲ್ ಭಾಯಿಯ ಕೈಯಲ್ಲಿ. ಮೇಡಂ ಕೈಗೆ ಒಂದು ಹಾಳೆತಟ್ಟೆ, ಅಡಿಕೆ ಹಾಳೆಯದು, ನಾವು ಊಟ ಮಾಡುತ್ತೇವಲ್ಲ ಅದು.

"ನೀವು ತಟ್ಟೆ ತಿರ್ಗ್ಸಿ ಮೇಡಂ, ನಾನು ಅದನ್ನ ನೋಡ್ಕೊಂಡು ಸ್ಟೀರಿಂಗ್ ತಿರ್ಗಿಸ್ತೇನೆ," ಅಂದರು ರಸೂಲ್ ಭಾಯಿ.

"ನೀವು ತಟ್ಟೆ ನೋಡಿದ್ರೆ ರಸ್ತೆ ಯಾರು ನೋಡೋದು?"

"ನೀವು. ಗಾಡಿ ನಿಮ್ದು. ನಾನು ಬರೀ ಸ್ಟೀರಿಂಗು."

ಇದು ಸರಿಯಾಗಿಯೇ ನಡೆಯಿತು. ಉಳಿದದ್ದು ಬಲಬದಿಯ ರಸ್ತೆ ಮಾತ್ರ. ಒಬ್ಬರೇ ಬಲಕ್ಕೆ ಹೋದರೆ ಅದು ಅಪಘಾತ, ಎಲ್ಲರೂ ಹೋದರೆ ಅದು ಸಂಚಾರ. ಆದ್ದರಿಂದ ಎಲ್ಲರೂ ಹೋಗುವಂತೆ ಮಾಡಬೇಕೆಂದು ಮೇಡಂ ತ್ರಿತಾಲೂಕು ಶಾಂತಿಪಾಲನಾ ಪೂರ್ವಸಿದ್ಧತಾ ಕೋಶಕ್ಕೆ ಅರ್ಜಿ ಹಾಕಿದರು.

ಕೋಶದ ಬಗ್ಗೆ ಎರಡು ಮಾತು ಹೇಳಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರಕ್ಕೂ ಅನ್ಯಾಯವಾಗಬಾರದೆಂದು ಕೋಶದ ಕಡತಗಳನ್ನು ಸಿದ್ದಾಪುರದಲ್ಲಿ, ಮೊಹರನ್ನು ಯಲ್ಲಾಪುರದಲ್ಲಿ, ಸಹಿ ಮಾಡುವವರನ್ನು ಶಿರಸಿಯಲ್ಲಿ ಇಡಲಾಗಿದೆ. ಸಹಿ ಮಾಡುವವರು ನಿವೃತ್ತ ಅಧಿಕಾರಿ ನಾಗಪತಿಯವರು. ಅರ್ಜಿ ಮೂರೂ ಊರು ಸುತ್ತಿ ಬರುವಷ್ಟರಲ್ಲಿ ಅದರ ಮೂಲೆ ಮಡಚಿ, ಬಸ್ಸಿನ ಎಣ್ಣೆ ತಾಗಿ, ಅರ್ಜಿಗೆ ಅರ್ಜಿಯ ಲಕ್ಷಣ ಬಂದಿತ್ತು. ನಾಗಪತಿಯವರು ಸಹಿ ಮಾಡಿದರು. ಪ್ರಕಟಣೆ ಹೊರಟಿತು:

"ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ವಿಶ್ವಶಾಂತಿಯ ಹಿತದೃಷ್ಟಿಯಿಂದ ಹಲಸಿನಕಟ್ಟೆ ಕ್ರಾಸಿನ ದೊಡ್ಡ ಮೋರಿಯಿಂದ ಸಣ್ಣ ಮೋರಿಯವರೆಗಿನ ರಸ್ತೆಯನ್ನು ಗುರುವಾರ ಬೆಳಗಿನ ವೇಳೆ ವಿದೇಶವೆಂದು ಭಾವಿಸತಕ್ಕದ್ದು. ಚಾಲಕರು ಮೋರಿಯ ಬಳಿ ನಿಂತು, ಪರಸ್ಪರ ಸಮಾಧಾನದಿಂದ ಬದಿ ಬದಲಿಸಿಕೊಳ್ಳತಕ್ಕದ್ದು. ದನಕರುಗಳಿಗೆ ಈ ಆದೇಶ ಅನ್ವಯಿಸುವುದಿಲ್ಲ. ಅವು ಎಂದಿನಂತೆ ರಸ್ತೆಯ ನಡುವೆಯೇ ಇರತಕ್ಕದ್ದು."

ಗುರುವಾರವನ್ನೇ ಯಾಕೆ ಆರಿಸಿದರು ಎಂದರೆ, ಮಂಗಳವಾರ ಶಿರಸಿಯ ಸಂತೆ, ಗುರುವಾರ ಯಾರಿಗೂ ಅಂಥ ಕೆಲಸವಿರುವುದಿಲ್ಲ ಎಂದು ನಾಗಪತಿಯವರು ಸ್ವಂತ ಅನುಭವದಿಂದ ಬಲ್ಲವರಾಗಿದ್ದರು.

ನಾವು ಯಾರೂ ವಿರೋಧಿಸಲಿಲ್ಲ, ಇದನ್ನು ಹೆಮ್ಮೆಯಿಂದ ಹೇಳುತ್ತೇನೆ. ನಮ್ಮೂರಲ್ಲಿ ಎಡಬದಿಯ ನಿಯಮವನ್ನು ಪಾಲಿಸದ ಜನ ಬಲಬದಿಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರು. ಸೊಸೈಟಿಗೆ ಹೊರಟವರು ಕೂಡ "ವಿದೇಶಕ್ಕೆ ಹೋಗಿ ಬರ್ತೆ" ಎಂದು ಮನೆಯಲ್ಲಿ ಹೇಳಿ ಬರತೊಡಗಿದರು. ಬಸ್ಸೂ ಬಲಕ್ಕೆ ಹೋಯಿತು. ಬಾಗಿಲು ಎಡಕ್ಕಿದ್ದುದರಿಂದ ಜನ ರಸ್ತೆಯ ಮಧ್ಯಕ್ಕೆ ಇಳಿದರು, ಇಳಿದು ದನಗಳನ್ನು ಬಳಸಿಕೊಂಡು ಮನೆಗೆ ಹೋದರು.

ತೊಂದರೆ ಬಂದದ್ದು ಚಹಾದಿಂದ. ಕ್ರಾಸಿನಲ್ಲಿ ಎದುರುಬದುರು ಎರಡು ಚಹಾದಂಗಡಿ. ಒಂದು ಗೋವಿಂದನದು, ಇನ್ನೊಂದು ಅವನ ಅಣ್ಣನ ಹೆಂಡತಿ ಸುಬ್ಬಲಕ್ಷ್ಮಿಯದು. ಬೆಳಿಗ್ಗೆ ಶಿರಸಿಗೆ ಹೋಗುವವರು ಅತ್ತಿಗೆಯ ಬದಿಯಲ್ಲಿ ಬಸ್ಸು ಕಾಯುತ್ತಾರೆ, ಕಾಯುವಾಗ ಚಹಾ ಕುಡಿಯುತ್ತಾರೆ. ಸಂಜೆ ವಾಪಸು ಬಂದು ಗೋವಿಂದನ ಬದಿಯಲ್ಲಿ ಇಳಿಯುತ್ತಾರೆ, ಇಳಿದ ಮೇಲೆ ಕುಡಿಯುತ್ತಾರೆ. ಹೀಗೆ ಬೆಳಗು ಅತ್ತಿಗೆಗೆ, ಸಂಜೆ ಮೈದುನನಿಗೆ ಎಂದು ಮನೆತನದ ಆಸ್ತಿಗಿಂತ ಚೆನ್ನಾಗಿ ಪಾಲಾಗಿತ್ತು. ರಸ್ತೆ ಬದಿ ಬದಲಿಸಿದ್ದೇ ಗುರುವಾರದ ಬೆಳಗೂ ಗೋವಿಂದನ ಪಾಲಿಗೆ ಹೋಯಿತು.

ಒಂದು ಗುರುವಾರ ಸುಬ್ಬಲಕ್ಷ್ಮಿ ತಮ್ಮ ಅಂಗಡಿಯ ಬೆಂಚನ್ನು ಎಳೆದು ತಂದು ರಸ್ತೆಗೆ ಅಡ್ಡ ಇಟ್ಟು ಕೂತರು. ಆ ಕಡೆ ಬಸ್ಸು, ಈ ಕಡೆ ರಸೂಲ್ ಭಾಯಿಯ ಕಾರು. ಶೈಲಾ ಮೇಡಂ ತಟ್ಟೆ ಹಿಡಿದುಕೊಂಡೇ ಇಳಿದು ಬಂದರು.

"ಗೋವಿಂದಾ," ಅಂದರು ಸುಬ್ಬಲಕ್ಷ್ಮಿ, ಮೇಡಂ ಕಡೆ ನೋಡದೆ. "ಯನ್ನ ಗಿರಾಕಿ ಎಲ್ಲಾ ನಿನ್ನ ಬೆಂಚ್ ಮೇಲೆ ಕೂತಿದ್ದೊ. ನಿಂಗೆ ನಾಚ್ಕೆ ಇಲ್ಲೆ?"

"ಆನು ಎಂತ ಮಾಡ್ಲಿ ಅತ್ತಿಗೆ? ಆನು ಕರದ್ನಿಲ್ಲೆ. ವಿಶ್ವಶಾಂತಿ ಕರ್ಕಂಡು ಬಂತು."

"ಹಂಗಾರೆ ವಿಶ್ವಶಾಂತಿ ಬಂದು ಎಬ್ಸಲಿ. ಆನು ಏಳ್ತ್ನಿಲ್ಲೆ."

"ಅಮ್ಮಾ, ಬಸ್ಸು ಬಿಡಿ," ಅಂದರು ಮೇಡಂ.

"ನೀವು ತಟ್ಟೆ ಹಿಡ್ಕಂಡು ಬಂದ್ರೆ ಊಟಕ್ಕೆ ಬಂದಾಂಗೆ ಕಾಣ್ತು ಮೇಡಂ. ಊಟ ಇಲ್ಲೆ. ಚಹಾ ಮಾತ್ರ ಹಂಗೇ ಉಳದೋತು."

ಬೆಂಚಿನ ಸುದ್ದಿ ಕೋಶಕ್ಕೆ ಮುಟ್ಟಿತು. ಮೇಡಂ ದೆಹಲಿಗೆ ಹೊರಡಲು ಕೋಶದಿಂದ ಸ್ಥಳೀಯ ಶಾಂತಿ ದೃಢೀಕರಣ ಬೇಕಿತ್ತು. ಹೊರಗೆ ಶಾಂತಿ ಒಯ್ಯುವವರು ಊರಿನ ಶಾಂತಿಯನ್ನು ಕಡಿಮೆ ಮಾಡಿ ಒಯ್ಯಬಾರದು ಎಂಬುದು ಅದರ ತತ್ವ. ಮೇಡಂ ಶಿರಸಿಗೆ ಹೋದಾಗ ನಾಗಪತಿಯವರು ಬಸ್ ತಂಗುದಾಣದ ನಕ್ಷೆ ನೋಡುತ್ತಿದ್ದರು.

"ನಿಮ್ಮ ವಲಯದಲ್ಲಿ ಅಶಾಂತಿ ಇದೆಯಲ್ಲಮ್ಮಾ," ಅಂದರು.

"ಅದು ಆದೇಶದಿಂದ ಆದದ್ದು ಸರ್. ಆದೇಶ ಹಿಂದಕ್ಕೆ ತಗೊಂಡರೆ ನಿಲ್ಲುತ್ತೆ."

"ಆದೇಶ ಕೊಡುವ ಅಧಿಕಾರ ನಮಗಿದೆ. ಹಿಂಪಡೆಯುವ ಅಧಿಕಾರ ಯಾರೂ ಕೊಟ್ಟಿಲ್ಲ. ಅಲ್ಲದೆ ಜನ ಮಧ್ಯಕ್ಕೆ ಇಳೀತಾರೆ ಅಂತ ರಸ್ತೆಯ ಮಧ್ಯೆ ಅಂತರರಾಷ್ಟ್ರೀಯ ತಂಗುದಾಣ ಮಂಜೂರಾಗಿದೆ. ನಮ್ಮ ಭಾವಮೈದುನ ಕಿಶೋರ ಗುತ್ತಿಗೆ ಹಿಡಿದು ಆಗಲೇ ಕಂಬಕ್ಕೆ ಹೇಳಿಬಿಟ್ಟಿದ್ದಾನೆ."

"ಪರೀಕ್ಷೆ ಮುಂದಿನ ವಾರ ಸರ್. ಇದು ತಪ್ಪಿದರೆ ನನಗೆ ಇನ್ನೊಂದಿಲ್ಲ."

"ಗೊತ್ತು. ಅದಕ್ಕೇ ಹೇಳ್ತಿದ್ದೇನೆ, ಬೇಗ ಶಾಂತಿ ಮಾಡಿ. ನೀವು ಅದರಲ್ಲೇ ಪರಿಣತರು."

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತ ಮೇಡಂಗೆ ಅಳು ಬರುವಂತಾಯಿತು. ದೂರದ ದೇಶದಲ್ಲಿ ಬಂದೂಕು ಹಿಡಿದವರ ನಡುವೆ ನಿಲ್ಲಲು ಹೊರಟವಳು ತಾನು, ಎರಡು ಚಹಾದಂಗಡಿಯ ನಡುವೆ ಸಿಕ್ಕಿಬಿದ್ದೆ ಅನ್ನಿಸಿತು. ತರಬೇತಿಯ ಪಾಠಗಳನ್ನು ಒಂದೊಂದಾಗಿ ನೆನೆದರು. ಎರಡೂ ಕಡೆಯವರ ಒಪ್ಪಿಗೆ ಬೇಕು. ಯಾರ ಪಕ್ಷವನ್ನೂ ಹಿಡಿಯಬಾರದು. ಬಲ ಪ್ರಯೋಗ ಕೂಡದು. ಇಷ್ಟನ್ನು ಪಾಲಿಸಿದರೆ ಬೆಂಚನ್ನು ಮುಟ್ಟುವಂತೆಯೇ ಇರಲಿಲ್ಲ. ಕ್ರಾಸಿನಲ್ಲಿ ಇಳಿದು ಎರಡೂ ಅಂಗಡಿಯನ್ನು ನೋಡಿದರು. ಆಮೇಲೆ ಬೆಂಚಿನ ಒಂದು ತುದಿಗೆ ಅತ್ತಿಗೆಯನ್ನೂ ಇನ್ನೊಂದು ತುದಿಗೆ ಮೈದುನನನ್ನೂ ಕೂರಿಸಿ, ನಡುವೆ ತಾವು ಕೂತರು.

"ಗುರುವಾರ ಬೆಳಿಗ್ಗೆ ಗಾಡಿ ಬದಿ ಬದಲಿಸ್ತವೆ. ನೀವೂ ಬದಲಿಸಿ. ಅಮ್ಮ ಗೋವಿಂದಣ್ಣನ ಅಂಗಡಿಯಲ್ಲಿ ಕೂರಲಿ, ಗೋವಿಂದಣ್ಣ ಅಮ್ಮನ ಅಂಗಡಿಯಲ್ಲಿ."

ಗೋವಿಂದ ಬೆರಳಲ್ಲೇ ಲೆಕ್ಕ ಹಾಕಿದ. ಗುರುವಾರದ ಲಾಭ ಕೈಬಿಡುತ್ತದೆ. ಆದರೆ ಅವನಿಗೆ ಬೇರೆ ಒಂದು ವಿಷಯ ಹೊಳೆಯಿತು.

"ಅತ್ತಿಗೆ ಅಂಗ್ಡೀಲಿ ಫ್ಯಾನ್ ಇದ್ದು ಅಲ್ದಾ?"

"ಇದ್ದು," ಅಂದರು ಸುಬ್ಬಲಕ್ಷ್ಮಿ. "ನೀನು ಮುಟ್ಟಡ. ಅದು ತಂತಾನೇ ತಿರುಗ್ತು. ಮತ್ತೆ ನಿನ್ನ ಸಕ್ಕರೆ ಡಬ್ಬಿಲಿ ಇರುವೆ ಇದ್ರೆ ಆನು ವಾಪಸ್ ಹೋಗ್ತೆ."

"ಇರುವೆ ಇಲ್ಲೆ ಅತ್ತಿಗೆ. ಸಕ್ಕರೆನೂ ಇಲ್ಲೆ."

ಹೀಗೆ ಒಪ್ಪಂದವಾಯಿತು. ಗಿರಾಕಿಗಳ ಪೈಕಿ ಕೆಲವರಿಗೆ ಮಾತ್ರ ಗೊಂದಲ. ಗೋವಿಂದನ ಚಹಾ ಬೇಕೆಂದು ಗೋವಿಂದನ ಅಂಗಡಿಗೆ ಹೋದರೆ ಸುಬ್ಬಲಕ್ಷ್ಮಿಯ ಚಹಾ ಸಿಗುತ್ತಿತ್ತು. ಆದರೆ ವಿದೇಶದಲ್ಲಿ ಎಲ್ಲವೂ ನಮ್ಮ ರುಚಿಯಂತೆ ಸಿಗುವುದಿಲ್ಲ ಎಂದು ಅವರೇ ಸಮಾಧಾನ ಮಾಡಿಕೊಂಡರು.

ದೃಢೀಕರಣ ಸಿಕ್ಕಿತು. ಮೇಡಂ ದೆಹಲಿಗೆ ಹೋದರು. ಸ್ಟೀರಿಂಗ್ ಹಿಡಿದಾಗ, ಹಾಳೆತಟ್ಟೆಗಿಂತ ಇದು ಎಷ್ಟು ಗಟ್ಟಿ ಅನ್ನಿಸಿ ಧೈರ್ಯ ಬಂತಂತೆ. ಬಲಬದಿಯಲ್ಲೇ ಹೋದರು, ಬಲಬದಿಯಲ್ಲೇ ಬಂದರು. ಗಾಡಿ ನಿಲ್ಲಿಸಿದ ಮೇಲೆ ದಾರಿಯಲ್ಲಿ ಒಂದು ಕಡೆ ವಿನಾಕಾರಣ ನಿಧಾನ ಮಾಡಿದ್ದು ಯಾಕೆಂದು ಪರೀಕ್ಷಕರು ಕೇಳಿದರು. "ಅಲ್ಲಿ ದನ ಇರುತ್ತೆ ಸರ್," ಅಂದರು ಮೇಡಂ. ಪಾಸಾಯಿತು.

ಈ ಸಾಧನೆಗಾಗಿ ಶಿರಸಿಯಲ್ಲಿ ನಾಗಪತಿಯವರನ್ನು ಸನ್ಮಾನಿಸಲಾಯಿತು. ಮೇಡಂ ಆಗಲೇ ವಿಮಾನ ಹತ್ತಿದ್ದರಿಂದ ಅವರನ್ನು ಸನ್ಮಾನಿಸಲು ಅನಾನುಕೂಲವಿತ್ತು. ಅಂತರರಾಷ್ಟ್ರೀಯ ತಂಗುದಾಣ ರಸ್ತೆಯ ನಡುವೆ ಎದ್ದು ನಿಂತಿತು. ಅದನ್ನು ದನಗಳು ಮಾತ್ರ ನಿಯಮಾನುಸಾರ ಬಳಸುತ್ತಿವೆ.

ದಕ್ಷಿಣ ಸುಡಾನಿನಿಂದ ಒಮ್ಮೆ ಮೇಡಂ ಸುಬ್ಬಲಕ್ಷ್ಮಿಯ ಮೊಬೈಲಿಗೆ ವಿಡಿಯೋ ಕರೆ ಮಾಡಿದರು. ನಾವೆಲ್ಲ ಹಿಂದೆ ನಿಂತು ನೋಡಿದೆವು. ನೀಲಿ ಟೋಪಿ, ಮುಖ ಸ್ವಲ್ಪ ಕಂದಿತ್ತು. ಹಿಂದೆ ಒಂದು ಬಾಗಿಲು, ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ನಿಂತು ಒಳಗೆ ಇಣುಕುತ್ತಿದ್ದಳು.

"ಅಲ್ಲಿ ಹೆಂಗಿದ್ದು ಮೇಡಂ?" ಎಂದು ಕೇಳಿದರು ಸುಬ್ಬಲಕ್ಷ್ಮಿ.

"ಇಲ್ಲಿ ದಿನಾ ಗುರುವಾರ ಅಮ್ಮಾ," ಅಂದರು ಮೇಡಂ. ಆಮೇಲೆ ಬಾಗಿಲ ಕಡೆ ತಿರುಗಿ, "ತಡೀರಿ, ಯಾರೋ ಬಂದಿದ್ದಾರೆ" ಎಂದು ಫೋನ್ ಇಟ್ಟರು.

ಅವರು ಅಲ್ಲಿದ್ದಾಗಲೂ ಇಲ್ಲಿ ಗುರುವಾರದ ಬಲಬದಿ ನಡೆದೇ ಇತ್ತು. ಅಭ್ಯಾಸ ಯಾರಿಗಾಗಿ ಎಂದು ಕೇಳಬಹುದು. ನಾವು ಕೇಳಲಿಲ್ಲ. ಅಭ್ಯಾಸ ನಮಗೆ ಆಗಿಬಿಟ್ಟಿತ್ತು.

ಈಗ ಮೊನ್ನೆಯದು. ಮೇಡಂ ರಜೆಯ ಮೇಲೆ ಊರಿಗೆ ಬಂದರು. ಸೋಮವಾರ ಬೆಳಿಗ್ಗೆ ರಸೂಲ್ ಭಾಯಿಯ ಕಾರು ಪಡೆದು, ನಮ್ಮನ್ನೆಲ್ಲ ನೋಡಲೆಂದು ಒಬ್ಬರೇ ಓಡಿಸಿಕೊಂಡು ಹೊರಟರು. ಅಲ್ಲಿನ ಅಭ್ಯಾಸ ಬಿಡದೆ ಬಲಬದಿಯಲ್ಲೇ ಬಂದರು. ದೊಡ್ಡ ಮೋರಿಯ ಹತ್ತಿರ ಎದುರಾದ ಬಸ್ಸಿನ ಡ್ರೈವರು ಒಂದು ಕ್ಷಣ ನೋಡಿ, ಬಸ್ಸು ನಿಲ್ಲಿಸಿ, ಕೈಮುಗಿದು ತಾನೂ ಬಲಕ್ಕೆ ಸರಿದ. ಅವನ ಹಿಂದಿನ ಬೈಕುಗಳೂ ಸರಿದವು. ಅದನ್ನು ಕಂಡ ಗೋವಿಂದ ಎದ್ದು ಅತ್ತಿಗೆಯ ಅಂಗಡಿಗೆ ಹೋಗಿ ಫ್ಯಾನಿನ ಕೆಳಗೆ ಕೂತ. ಸುಬ್ಬಲಕ್ಷ್ಮಿ ತಮ್ಮ ಸಕ್ಕರೆ ಡಬ್ಬಿ ಹಿಡಿದು ಈಚೆ ಬಂದರು. ಬಸ್ಸು ಕಾಯುವವರು ಗ್ಲಾಸು ಹಿಡಿದುಕೊಂಡೇ ರಸ್ತೆ ದಾಟಿದರು. ಸೊಸೈಟಿಯಲ್ಲಿ ನಾನೂ ಕ್ಯಾಲೆಂಡರ್ ನೋಡಿದೆ. ಸೋಮವಾರ ಎಂದಿತ್ತು. ಮುದ್ರಣದೋಷ ಇರಬೇಕೆಂದು ಗುರುವಾರದ ಕೆಲಸ ಶುರುಮಾಡಿದೆ.

ಮೇಡಂ ಕಾರಿಂದ ಇಳಿದು, ಸುತ್ತ ನೋಡಿ, "ಇವತ್ತು ಗುರುವಾರವಾ?" ಅಂದರು.

"ಹೌದು ಮೇಡಂ," ಅಂದರು ಸುಬ್ಬಲಕ್ಷ್ಮಿ, ಗೋವಿಂದನ ಒಲೆಯ ಮುಂದೆ ನಿಂತು. "ನೀವು ಬಂದ್ರಲಾ."

ಆ ವಾರ ಎರಡು ಗುರುವಾರ ಬಂದಂತಾಯಿತು. ಇದರಿಂದ ಸೋಮವಾರ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಕೆಲವರು ಎತ್ತಿದ್ದಾರೆ. ಉತ್ತರ ಸರಳವಾಗಿದೆ, ಆದರೆ ಸ್ವಲ್ಪ ವಿವರಿಸಬೇಕು. ಕೋಶದ ಹೊಸ ಸ್ಪಷ್ಟೀಕರಣದ ಪ್ರಕಾರ ತರಬೇತಿ ಪಡೆದವರು ಬಲಬದಿಯಲ್ಲಿ ಚಲಿಸುವ ಯಾವುದೇ ದಿನವನ್ನು ಗುರುವಾರವೆಂದು ಪರಿಗಣಿಸತಕ್ಕದ್ದು, ಹಾಗೂ ಆ ಗುರುವಾರದ ಮರುದಿನ, ಅದು ಮಂಗಳವಾರವಾಗಿದ್ದ ಪಕ್ಷದಲ್ಲಿ, ಶಿರಸಿಯ ಸಂತೆ ನಡೆಯಬೇಕೋ ಬೇಡವೋ ಎಂಬುದನ್ನು, ಒಂದು, ಮೊಹರು ಯಲ್ಲಾಪುರದಿಂದ ಬಂದಿದ್ದರೆ, ಎರಡು,

ತಡೆಯಿರಿ, ಹೊರಗಿನಿಂದ ಸುಬ್ಬಲಕ್ಷ್ಮಿ ಕರೆಯುತ್ತಿದ್ದಾರೆ. ಬಸ್ಸು ಬಂತಂತೆ. ಯಾವ ಬದಿಗೆ ಎಂದು ಅವರು ಹೇಳಲಿಲ್ಲ, ಅವರು ಯಾವ ಅಂಗಡಿಯಿಂದ ಕರೆದರು ಎಂದು ಮೊದಲು ನೋಡಿ ಬರುತ್ತೇನೆ.