ಮೂರನೇ ಮಹಡಿಗೆ ನೆರೆ ಬಂದದ್ದು

ಒಂದು ತಿಂಗಳೊಳಗೆ ಹಾಲಿನಲ್ಲಿ ಎದೆಮಟ್ಟ ನೀರು ನಿಲ್ಲಿಸಿ ತೋರಿಸದಿದ್ದರೆ ತಾನು ರಮಾನಾಥನೇ ಅಲ್ಲ ಎಂದು ರಮಾನಾಥರು ಒಂದು ಭಾನುವಾರ ಬೆಳಿಗ್ಗೆ ಮನೆಯಲ್ಲಿ ಘೋಷಿಸಿದರು. ಒಲೆಯ ಮುಂದಿದ್ದ ಹೆಂಡತಿ ಶೀಲಾವತಿಗೆ ಅರ್ಧವೇ ಕೇಳಿಸಿತು. ಹಾಲಿಗೆ ನೀರು ಹಾಕುವ ಕೆಲಸವನ್ನು ಹಾಲು ತರುವ ಭಯ್ಯಾ ಚೆನ್ನಾಗಿಯೇ ಮಾಡುತ್ತಿದ್ದಾನೆ, ನೀವು ಅದಕ್ಕೆ ಕೈಹಾಕುವುದು ಬೇಡ ಎಂದು ಆಕೆ ಒಳಗಿನಿಂದಲೇ ಉತ್ತರ ಕೊಟ್ಟರು. ರಮಾನಾಥರು ಹೇಳಿದ್ದು ಎಮ್ಮೆಯ ಹಾಲಲ್ಲ, ಮುಂಬಯಿಯ ವಡಾಲದ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿರುವ ತಮ್ಮ ಮನೆಯ ಹಾಲ್.

ಈ ಭೀಷ್ಮಪ್ರತಿಜ್ಞೆಗೆ ಕಾರಣವಿತ್ತು. ಹಿಂದಿನ ದಿನ ಅವರು ಕೋಟಿಗಟ್ಟಲೆ ಸುರಿದು ತೆಗೆದ ಒಂದು ಸಿನಿಮಾ ನೋಡಿ ಬಂದಿದ್ದರು. ಅದರಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಒಂದು ಸಮುದ್ರವಿತ್ತು. ಆ ಸಮುದ್ರವನ್ನು ರಮಾನಾಥರು ತಮಗೇ ಮಾಡಿದ ಅವಮಾನವೆಂದು ತಿಳಿದರು. ಅವರು ಹುಟ್ಟಿದ್ದು ಉಡುಪಿಯ ಕಡಲ ದಂಡೆಯಲ್ಲಿ, ಮೂವತ್ತೊಂದು ವರ್ಷದಿಂದ ಮ್ಯಾನೇಜರ್ ಆಗಿರುವುದು ಮಾಟುಂಗದ ಉಡುಪಿ ಹೋಟೆಲಿನಲ್ಲಿ. ತಮ್ಮ ಹೋಟೆಲಿನ ಸಾಂಬಾರು ಕೂಡ ಅದಕ್ಕಿಂತ ಚೆನ್ನಾಗಿ ಅಲೆಯೇಳುತ್ತದೆ ಎಂಬುದು ಅವರ ಅಭಿಪ್ರಾಯ. ಅದೇ ಹೊತ್ತಿಗೆ ಕನ್ನಡ ಸಂಘದವರು ವಾರ್ಷಿಕೋತ್ಸವಕ್ಕೆ ಕಿರುಚಿತ್ರ ಸ್ಪರ್ಧೆ ಇಟ್ಟರು. ನೀರನ್ನು ಹೇಗೆ ತೋರಿಸಬೇಕೆಂದು ಭಾರತೀಯ ಚಿತ್ರರಂಗಕ್ಕೆ ಕಲಿಸಲು ರಮಾನಾಥರಿಗೆ ಇಷ್ಟು ಸಾಕಾಯಿತು.

ಕಥೆ ಅವರೇ ಬರೆದರು. ಮಹಾ ಮಳೆಗೆ ಊರು ಮುಳುಗಿ ಎಲ್ಲರೂ ಓಡಿಹೋಗಿದ್ದಾರೆ. ಮಂಚದ ಮೇಲೆ ಒಬ್ಬಳೇ ವಿಧವೆ ಉಳಿದಿದ್ದಾಳೆ. ಗುರುತುಪರಿಚಯವಿಲ್ಲದ ದೋಣಿಯವನೊಬ್ಬ ಬಂದು ಅವಳನ್ನು ಕಾಪಾಡುತ್ತಾನೆ. ದೋಣಿಯವನು ರಮಾನಾಥರು, ವಿಧವೆ ಶೀಲಾವತಿ. ಶೀಲಾವತಿ ಒಂದೇ ಮಾತಿನಲ್ಲಿ ಕಥೆ ಬದಲಿಸಿದರು.

"ನೀವು ಎದುರಿಗೆ ಕಣ್ಣು ಬಿಟ್ಟು ಕೂತಿರುವಾಗ ನಾನು ಯಾಕೆ ವಿಧವೆಯಾಗಬೇಕು ಮಾರಾಯ್ರೆ? ಗಂಡ ದುಬೈಗೆ ಹೋಗಿದ್ದಾನೆ ಅಂತ ಬರೀರಿ."

ಗಂಡ ದುಬೈಗೆ ಹೋದ.

ಇನ್ನು ನೀರು. ಅದಕ್ಕೆ ಸಿಕ್ಕಿದವನು ಅಲ್ತಮಶ. ವಿಜಯಪುರದ ಕಡೆಯವನು, ನಲವತ್ತು ದಾಟಿದವನು, ಕುರ್ಲಾದಲ್ಲಿ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವ ಗೂಡಿನಂಥ ಅಂಗಡಿ ಇಟ್ಟವನು. ಎಷ್ಟೋ ವಧೂವರರನ್ನು ಮೋಡದ ಮೇಲೆ ಕೂರಿಸಿದ್ದ, ಹಿಮಾಲಯ ಹತ್ತಿಸಿದ್ದ. ನೆರೆಯ ಮಾತು ಕೇಳಿ ಅವನ ಕಣ್ಣು ಅರಳಿತು. ಇಪ್ಪತ್ತು ವರ್ಷದಿಂದ ಗುಲಾಬಿ ಎಸಳು ಉದುರಿಸಿ ಉದುರಿಸಿ ಅವನಿಗೂ ಸಾಕಾಗಿತ್ತು.

"ನೀರಿಂದು ನನ್ನ ಮ್ಯಾಲ ಬಿಡ್ರಿ ಸಾಹೇಬ್ರ," ಎಂದ. "ನೀವು ಎದಿಮಟ ಹಸರ ಬಟ್ಟಿ ಹೊಡೀರಿ ಸಾಕು. ಹಸರ ಎಲ್ಲೆಲ್ಲಿ ಐತಿ, ಅಲ್ಲೆಲ್ಲಾ ನೀರ ತುಂಬತೀನಿ."

ಹಾಲಿನ ಸೋಫಾ, ಟೀವಿ, ಫ್ರಿಜ್ ಎಲ್ಲ ಪ್ಯಾಸೇಜಿಗೆ ಹೋದವು. ನೆಲಕ್ಕೆ ಹಸಿರು ಬಟ್ಟೆ ಹಾಸಿ, ಗೋಡೆಗೆ ಎದೆಯೆತ್ತರದ ತನಕ ಅದನ್ನೇ ಬಿಗಿದರು. ಮೇಲೆ ಎಂದಿನ ಗೋಡೆ, ಎಂದಿನ ಗಡಿಯಾರ, ಉಡುಪಿಯ ಬ್ಯಾಂಕಿನ ಕ್ಯಾಲೆಂಡರ್. ನಡುವೆ ಮಂಚ, ಮಂಚದ ಮೇಲೆ ಶೀಲಾವತಿ. ಅಲ್ತಮಶ ಒಂದು ಪರೀಕ್ಷೆಯ ತುಣುಕು ತೆಗೆದು ಲ್ಯಾಪ್‌ಟಾಪಿನಲ್ಲಿ ನೀರು ತುಂಬಿಸಿ ತೋರಿಸಿದ. ನೀರು ಚೆನ್ನಾಗಿಯೇ ಬಂದಿತ್ತು. ಆದರೆ ಶೀಲಾವತಿ ತೊಟ್ಟದ್ದು ಹಸಿರು ಗಾಜಿನ ಬಳೆ. ಅವರ ಮಣಿಕಟ್ಟಿನಲ್ಲೂ ನೀರು ಹರಿದು, ಎರಡು ಅಂಗೈಗಳು ತೋಳಿನಿಂದ ಬೇರೆಯಾಗಿ ಗಾಳಿಯಲ್ಲಿ ತಮ್ಮಷ್ಟಕ್ಕೆ ಕೈಮುಗಿಯುತ್ತಿದ್ದವು. ಶೀಲಾವತಿ ಅದನ್ನು ಎರಡು ಸಲ ನೋಡಿದರು. ಮದುವೆಯಾದ ಮೇಲೆ ಅಡುಗೆ ಮಾಡಿ ಮಾಡಿ ಕೈ ಬಿದ್ದುಹೋಗುತ್ತದೆ ಎಂದು ತಾನು ಹೇಳುತ್ತಲೇ ಇದ್ದೆ, ಯಾರೂ ನಂಬಲಿಲ್ಲ ಎಂದು ಹೇಳಿ ಕೆಂಪು ಬಳೆ ತೊಟ್ಟು ಬಂದರು.

ಅವರ ಅಳು ಅದ್ಭುತವಾಗಿ ಬಂತು. ಒಂದೇ ಟೇಕ್. ಅಲ್ತಮಶನೂ ಕಣ್ಣು ಒರೆಸಿಕೊಂಡ. ಅವರು ಅತ್ತದ್ದು ನೆರೆಗಲ್ಲ, ಪ್ಯಾಸೇಜಿನಲ್ಲಿ ಕರೆಂಟಿಲ್ಲದೆ ನಿಂತ ಫ್ರಿಜ್ಜಿನೊಳಗಿದ್ದ ಎರಡು ಕಿಲೋ ಅಂಜಲ್ ಮೀನಿಗೆ ಎಂಬುದು ಆಮೇಲೆ ತಿಳಿಯಿತು.

ರಮಾನಾಥರದ್ದು ಬೇರೆಯೇ ಕಥೆಯಾಯಿತು. ಹೋಟೆಲಿನಲ್ಲಿ ಅಕ್ಕಿ ನೆನೆಸುವ ದೊಡ್ಡ ಟಬ್ಬಿಗೆ ಹಸಿರು ಬಟ್ಟೆ ಸುತ್ತಿ ಅದರಲ್ಲಿ ಅವರನ್ನು ಕೂರಿಸಲಾಯಿತು. ದೋಣಿಯನ್ನು ಅಲ್ತಮಶ ಆಮೇಲೆ ಕಂಪ್ಯೂಟರಿನಲ್ಲಿ ಬಿಡಿಸುವವನು. ಸದ್ಯಕ್ಕೆ ಕಾಲಿನಿಂದ ಟಬ್ಬನ್ನು ಅಲುಗಾಡಿಸುತ್ತಿದ್ದ. ಅವರು ಹೇಳಬೇಕಾದದ್ದು ಒಂದೇ ಸಾಲು: "ಹೆದರಬೇಡಿ ಅಮ್ಮಾ, ನಾನು ಬಂದಿದ್ದೇನೆ." ಮೂವತ್ತೊಂದು ವರ್ಷ ಅಡುಗೆಮನೆಗೆ ಆರ್ಡರ್ ಕೂಗಿದ ಗಂಟಲು ಅದು. ಎಷ್ಟು ಸಲ ಹೇಳಿದರೂ ಎರಡು ಮಸಾಲೆ, ಒಂದು ಫಿಲ್ಟರ್ ಕಾಫಿ ಎಂದ ಹಾಗೆಯೇ ಕೇಳಿಸಿತು. ಮುಖದಲ್ಲಿ ಕರುಣೆ ತನ್ನಿ ಎಂದು ಅಲ್ತಮಶ ಬೇಡಿಕೊಂಡ. ರಮಾನಾಥರು ಕರುಣೆ ತಂದರು, ಅದು ಹಲ್ಲುನೋವಿನ ಹಾಗೆ ಕಂಡಿತು. ಹತ್ತೊಂಬತ್ತನೇ ಟೇಕಿಗೆ ಅಲ್ತಮಶನ ಕಾಲು ಸೋತಿತು, ಅದನ್ನೇ ಓಕೆ ಮಾಡಿದರು.

ಜುಲೈಯ ಒಂದು ಗುರುವಾರ ಮಧ್ಯಾಹ್ನ, ರಮಾನಾಥರು ಹೋಟೆಲಿನ ಗಲ್ಲಾದಲ್ಲಿದ್ದಾಗ, ಅಲ್ತಮಶ ಇಪ್ಪತ್ತು ಸೆಕೆಂಡಿನ ತುಣುಕು ಕಳಿಸಿದ. ಹೊರಗೆ ನಿಜವಾದ ಮಳೆ ಹೊಯ್ಯುತ್ತಿತ್ತು. ಮೊಬೈಲಿನಲ್ಲಿ ಅವರ ಮನೆಯ ಹಾಲಿನೊಳಗೆ ಕೆಂಪು ನೀರು ಏರುತ್ತಿತ್ತು. ಅಲೆ ಗೋಡೆಗೆ ಬಡಿದು ಹಿಂದೆ ಸರಿಯುತ್ತಿತ್ತು, ಒಂದು ಚಪ್ಪಲಿ ತೇಲಿ ಹೋಗುತ್ತಿತ್ತು, ಮಂಚದ ಮೇಲೆ ಶೀಲಾವತಿ ಎದೆ ಬಡಿದುಕೊಂಡು ಅಳುತ್ತಿದ್ದರು. ರಮಾನಾಥರಿಗೆ ಮೈ ಜುಮ್ಮೆಂದಿತು. ತಡೆಯಲಾಗಲಿಲ್ಲ. ಕುಟುಂಬದ ಗ್ರೂಪಿಗೆ, ಬಿಲ್ಡಿಂಗಿನ ಗ್ರೂಪಿಗೆ ಎರಡಕ್ಕೂ ಹಾಕಿ, ಕೆಳಗೆ ಬರೆದರು: "ನಮ್ಮ ಮನೆಯ ಹಾಲ್. ಹೇಗಿದೆ, ನೋಡಿ ಹೇಳಿ." ಅಷ್ಟರಲ್ಲಿ ಊಟದ ಗಿರಾಕಿಗಳು ನುಗ್ಗಿದರು. ಮೊಬೈಲು ಡ್ರಾಯರಿನೊಳಗೆ ಹೋಯಿತು.

ಮೂರು ಗಂಟೆಗೆ ಮೆಚ್ಚುಗೆಯ ಮಾತುಗಳನ್ನು ಓದಲೆಂದು ಡ್ರಾಯರು ತೆಗೆದರೆ ಎಪ್ಪತ್ತಮೂರು ಮಿಸ್ಡ್ ಕಾಲ್. ಉಡುಪಿಯ ಸೋದರತ್ತೆ ದೇವರಿಗೆ ಹರಕೆ ಹೇಳಿಕೊಂಡಿದ್ದರು. ಮಂಗಳೂರಿನ ಭಾವ ಅದನ್ನು ಇನ್ನೂ ನಾಲ್ಕು ಗ್ರೂಪಿಗೆ ತಳ್ಳಿ, ಮುಂಬಯಿ ಮುಳುಗುತ್ತಿದೆ ಎಂದು ಬರೆದಿದ್ದರು. ರಮಾನಾಥರು ಮೇಲಿಂದ ಕೆಳಗಿನ ತನಕ ಹುಡುಕಿದರು. ಚೆನ್ನಾಗಿದೆ ಎಂದವರು ಒಬ್ಬರೂ ಇಲ್ಲ. ಒಂದೇ ಒಂದು ಹೆಬ್ಬೆರಳು ಇತ್ತು, ಅದೂ ಸಾವಿನ ಸುದ್ದಿಗೂ ಹೆಬ್ಬೆರಳು ಒತ್ತುವ ದೊಡ್ಡಪ್ಪನದ್ದು. ರಮಾನಾಥರಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಮೂರನೇ ಮಹಡಿಯ ಹಾಲಿಗೆ ಎದೆಮಟ್ಟ ನೀರು ಬರಬೇಕಾದರೆ ವಡಾಲ ಸ್ಟೇಷನ್ನೇ ಸಮುದ್ರದಡಿ ಇರಬೇಕಲ್ಲ, ಅಷ್ಟು ಯೋಚಿಸುವವರು ಇಡೀ ಬಂಧುಬಳಗದಲ್ಲಿ ಒಬ್ಬರಿಲ್ಲವೆ? ಕೊಡೆ ಹಿಡಿದು ಮನೆಗೆ ನಡೆದೇ ಹೊರಟರು. ದಾರಿಯುದ್ದಕ್ಕೂ ಬಂಧುಗಳ ಬುದ್ಧಿಮಟ್ಟದ ಬಗ್ಗೆ ಗೊಣಗಿಕೊಂಡರು.

ಬಿಲ್ಡಿಂಗಿನಲ್ಲಿ ಕತ್ತಲೆ. ನೀರಿಗೆ ಕರೆಂಟ್ ಹರಿದೀತೆಂದು ಸೊಸೈಟಿಯ ಸೆಕ್ರೆಟರಿ ಇಡೀ ವಿಂಗಿನ ಮೈನ್ ಸ್ವಿಚ್ ಆಫ್ ಮಾಡಿದ್ದರು. ಎರಡನೇ ಮಹಡಿಯವರು ಸೋಫಾ ಹೊರಗಿಟ್ಟು, ತಲೆಯೆತ್ತಿ ಸೀಲಿಂಗ್ ನೋಡುತ್ತ ಸಾಲಾಗಿ ನಿಂತಿದ್ದರು. ಐದು ವರ್ಷದಿಂದ ಅಲ್ಲೇ ಇರುವ ಒದ್ದೆಯ ಕಲೆಯೊಂದನ್ನು ಇವತ್ತಿನ ನೀರಿನದೇ ಎಂದು ರಮಾನಾಥರಿಗೆ ತೋರಿಸಿದರು. ಮನೆಯ ಬಾಗಿಲಲ್ಲಿ ಶೀಲಾವತಿ ನಿಂತಿದ್ದರು. ಮಧ್ಯಾಹ್ನ ಮಲಗಿದ್ದವರನ್ನು ಬಿಲ್ಡಿಂಗಿನದೇ ನಾಲ್ವರು ಗಂಡಸರು ಹಗ್ಗ ಹಿಡಿದು ಬಂದು ಬಾಗಿಲು ಬಡಿದು ಎಬ್ಬಿಸಿದ್ದರಂತೆ. ಎಲ್ಲಿ ನೀರು, ಎಲ್ಲಿ ನೀರು ಎಂದು ಅವರು ಚಪ್ಪಲಿ ಕಾಲಿನಲ್ಲಿ ಅಡುಗೆಮನೆಯ ತನಕ ಹೋಗಿ ನೋಡಿ, ಸಿಗದೆ ಬೇಸರಪಟ್ಟು ಹೋದರಂತೆ.

"ಹೇಗಿದೆ, ನೋಡಿ ಹೇಳಿ ಅಂತ ಬರೆದಿದ್ರಲ್ಲ," ಎಂದರು ಶೀಲಾವತಿ. "ಈಗ ಒಳಗೆ ಬಂದು ನೀವೇ ನೋಡಿ ಹೇಳಿ."

ರಮಾನಾಥರು ತಮ್ಮ ಪರವಾಗಿ ವಾದ ಶುರುಮಾಡಿದರು. ಜನರು ನಂಬಿದ್ದು ಕಲೆಯ ಗೆಲುವು, ಸೆಕ್ರೆಟರಿ ಮೈನ್ ಆಫ್ ಮಾಡಿದ್ದು ಅಲ್ತಮಶನಿಗೆ ಸಂದ ಪ್ರಶಸ್ತಿ ಎಂಬ ತನಕ ಬಂದಿದ್ದರು. ಆಗ ಮೆಟ್ಟಿಲಲ್ಲಿ ಯಾರೋ ಏದುಸಿರು ಬಿಡುತ್ತ ಹತ್ತಿ ಬರುವ ಸದ್ದಾಯಿತು.

ಬಂದವರು ಮೋಹಿನಿ ಅಕ್ಕ. ರಮಾನಾಥರ ಸ್ವಂತ ಅಕ್ಕ, ಅರವತ್ತನಾಲ್ಕು ವರ್ಷ, ಇರುವುದು ಡೊಂಬಿವ್ಲಿಯಲ್ಲಿ. ಎರಡು ವರ್ಷದಿಂದ ತಮ್ಮನೊಡನೆ ಮಾತಿಲ್ಲ. ಊರಿನ ಮದುವೆಯಲ್ಲಿ ಕುಟುಂಬದ ಫೋಟೊ ತೆಗೆಯುವ ಉಮೇದಿನಲ್ಲಿ ರಮಾನಾಥರು ಅಂಚಿನಲ್ಲಿ ನಿಂತಿದ್ದ ಅಕ್ಕನ ಒಂದು ಭುಜವನ್ನು ಮಾತ್ರ ಫೋಟೊದೊಳಗೆ ಸೇರಿಸಿದ್ದರು. ಬೆಳಕು ಚೆನ್ನಾಗಿದೆಯೆಂದು ಅದನ್ನೇ ಫ್ರೇಮ್ ಹಾಕಿಸಿ ಎಲ್ಲರಿಗೂ ಹಂಚಿದ್ದರು. ಆ ಭುಜ ಅಂದಿನಿಂದ ಅವರ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಈಗ ಸೊಂಟದ ತನಕ ಒದ್ದೆಯಾಗಿ ನಿಂತಿದ್ದರು. ಕುರ್ಲಾದಲ್ಲಿ ಬದಲಿಸಿದ ಲೋಕಲ್ ರೈಲು ಗುರು ತೇಗ್ ಬಹಾದುರ್ ನಗರದಲ್ಲಿ ನಿಂತುಬಿಟ್ಟಿತ್ತಂತೆ. ಅಲ್ಲಿಂದ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದಿದ್ದರು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಶೀಲಾವತಿಗೆಂದು ಒಂದು ಒಣಗಿದ ಸೀರೆ, ತಮ್ಮನಿಗೆಂದು ಒಂದು ಪಂಚೆ, ಮೇಣದಬತ್ತಿಯ ಕಟ್ಟು. ಅವರು ಒಣ ನೆಲವನ್ನು ನೋಡಿದರು. ಗೋಡೆಯಿಂದ ಇನ್ನೂ ಬಿಚ್ಚದ ಹಸಿರು ಬಟ್ಟೆಯನ್ನು ನೋಡಿದರು. ತಮ್ಮನನ್ನು ನೋಡಿದರು. ರಮಾನಾಥರ ಬಾಯಲ್ಲಿದ್ದ ಕಲೆಯ ಗೆಲುವು ಅಲ್ಲೇ ನಿಂತಿತು. ಅದು ಕಂಪ್ಯೂಟರ್ ನೀರು ಅಕ್ಕಾ ಎಂದು ಹಸಿರು ಬಟ್ಟೆಯತ್ತ ಕೈ ತೋರಿಸಿ ಹೇಳಿದರು.

"ಆಯ್ತು," ಎಂದರು ಮೋಹಿನಿ ಅಕ್ಕ. "ನೀರು ಬಂದದ್ದು ಸುಳ್ಳಾದ್ರೆ ನಾನು ಬಂದದ್ದೂ ಸುಳ್ಳು ಅಂತ ತಿಳ್ಕೊ ರಮಾನಾಥ." ಚೀಲವನ್ನು ಮತ್ತೆ ಕಂಕುಳಿಗೇರಿಸಿ ತಿರುಗಿದರು.

ರಮಾನಾಥರು ಅಡ್ಡ ನಿಂತು ಏನೋ ಹೇಳಹೋದರು, ಅದೂ ಆರ್ಡರ್ ಕೂಗಿದ ಹಾಗೆಯೇ ಹೊರಟಿತು. ಕೊನೆಗೆ ಅಕ್ಕನನ್ನು ತಡೆದದ್ದು ಮಳೆ. ಲೋಕಲ್ ಬಂದ್, ರಸ್ತೆ ಬಂದ್, ಟ್ಯಾಕ್ಸಿಯಿಲ್ಲ. ಶೀಲಾವತಿಗೆಂದು ತಂದ ಸೀರೆಯನ್ನು ಶೀಲಾವತಿಯೇ ಅವರಿಗೆ ಉಡಿಸಿ, ಗಂಜಿ ಬಡಿಸಿದರು. ಮೋಹಿನಿ ಅಕ್ಕ ಮೂರು ದಿನ ಅಲ್ಲೇ ಉಳಿದರು. ಮೊದಲ ದಿನ ಶೀಲಾವತಿಯೊಡನೆ ಮಾತ್ರ ಮಾತಾಡಿದರು. ಎರಡನೇ ದಿನ ತಮ್ಮನ ಬಳಿ ಶೀಲಾವತಿಯ ಮೂಲಕ ಉಪ್ಪು ಕೇಳಿದರು. ಮೂರನೇ ದಿನ ಅಲ್ತಮಶ ಪೂರ್ತಿ ಸಿನಿಮಾ ತಂದು ತೋರಿಸಿದಾಗ ಕಣ್ಣೊರೆಸಿಕೊಂಡು, ನಿನಗಿಂತ ನಿನ್ನ ಹೆಂಡತಿ ಮೇಲು ಎಂದು ನೇರವಾಗಿ ತಮ್ಮನಿಗೇ ಹೇಳಿದರು. ಬಾಗಿಲಲ್ಲಿ ಆಡಿದ ಸಿಟ್ಟಿನ ಮಾತು ಬಿಟ್ಟರೆ ಎರಡು ವರ್ಷದ ನಂತರದ ಮೊದಲ ಮಾತು ಅದು. ರಮಾನಾಥರು ಅದನ್ನು ಹೊಗಳಿಕೆಯಂತೆ ಸ್ವೀಕರಿಸಿದರು.

ಸೊಸೈಟಿಯ ನೋಟಿಸಿಗೆ ಕ್ಷಮಾಪಣೆ ಬರೆದುಕೊಟ್ಟು, ಎರಡನೇ ಮಹಡಿಯವರ ಸೀಲಿಂಗಿಗೆ ಬಣ್ಣ ಬಳಿಸಿಕೊಟ್ಟ ಮೇಲೆ ಸ್ಪರ್ಧೆಯ ದಿನ ಬಂತು. ಮಾಟುಂಗದ ಸಂಘದ ಸಭಾಂಗಣ ತುಂಬಿತ್ತು. ರಮಾನಾಥರು, ಶೀಲಾವತಿ, ಮೋಹಿನಿ ಅಕ್ಕ, ಇಸ್ತ್ರಿ ಹಾಕಿದ ಕುರ್ತಾದಲ್ಲಿ ಅಲ್ತಮಶ, ನಾಲ್ವರೂ ಒಂದೇ ಸಾಲಿನಲ್ಲಿ ಕೂತರು. ನೀರು ಏರಿದಾಗ ಜನ ಉಸಿರು ಹಿಡಿದರು. ಶೀಲಾವತಿ ಅತ್ತಾಗ ಹಿಂದಿನಿಂದ ಮೂಗು ಎಳೆದುಕೊಳ್ಳುವ ಸದ್ದು ಬಂತು. ದೋಣಿ ಬಂದಾಗ ಏನೂ ಸದ್ದು ಬರಲಿಲ್ಲ. ಅದನ್ನು ರಮಾನಾಥರು ಜನ ಮೈಮರೆತ ಲಕ್ಷಣವೆಂದು ಭಾವಿಸಿದರು.

ಮೈಸೂರಿನಿಂದ ಬಂದಿದ್ದ ತೀರ್ಪುಗಾರರು ಮೈಕು ಹಿಡಿದರು. ಉತ್ತಮ ನಟಿ ಶೀಲಾವತಿ ಎಂದರು. ಚಪ್ಪಾಳೆ ಬಿತ್ತು. ನಂತರ, ಇಂಥ ನಿಜವಾದ ನೆರೆಯೊಳಗೆ ಕ್ಯಾಮೆರಾ ಇಟ್ಟು, ಪ್ರಾಣದ ಹಂಗು ತೊರೆದು ಚಿತ್ರಿಸಿದ ಧೈರ್ಯಕ್ಕೆ ತಂಡಕ್ಕೆ ವಿಶೇಷ ಬಹುಮಾನ ಎಂದರು. ಅಲ್ತಮಶ ತಲೆ ಮೇಲೆ ಕೈಹೊತ್ತ. ಹದಿನೇಳು ದಿನ ಹನಿಹನಿಯಾಗಿ ಕೂಡಿಸಿದ ನೀರು ಮುನಿಸಿಪಾಲಿಟಿಯ ಲೆಕ್ಕಕ್ಕೆ ಹೋಗಿತ್ತು. ರಮಾನಾಥರ ರಕ್ತ ಕುದಿಯಿತು. ಎದ್ದು ನಿಂತು ಸತ್ಯ ಹೇಳಿಯೇ ಬಿಡುತ್ತೇನೆಂದು ಕುರ್ಚಿಯ ಕೈ ಹಿಡಿದು ಅರ್ಧ ಏಳುವಷ್ಟರಲ್ಲಿ ತೀರ್ಪುಗಾರರು ಮಾತು ಮುಂದುವರಿಸಿದರು.

"ಒಂದೇ ಒಂದು ಕೊರತೆ. ಎಲ್ಲವೂ ಇಷ್ಟು ಸಹಜವಾಗಿರುವಾಗ ಆ ದೋಣಿಯವನನ್ನು ಮಾತ್ರ ಕಂಪ್ಯೂಟರಿನಲ್ಲಿ ಯಾಕೆ ಮಾಡಿದಿರಿ? ದನಿಯೂ ಯಂತ್ರದ್ದೇ. ಅಗ್ಗದ ಗ್ರಾಫಿಕ್ಸ್ ಅಂತ ನೋಡಿದ ಕೂಡಲೇ ತಿಳಿಯುತ್ತೆ. ಯಾರಾದರೂ ಒಬ್ಬ ಮನುಷ್ಯ ಸಿಗಲಿಲ್ಲವೆ?"

ಸಭೆ ನಕ್ಕಿತು. ರಮಾನಾಥರು ಏಳಲೂ ಆಗದೆ ಕೂರಲೂ ಆಗದೆ ನಡುವೆಯೇ ನಿಂತರು. ಮೋಹಿನಿ ಅಕ್ಕ ಅವರ ಅಂಗಿಯ ತುದಿ ಹಿಡಿದು ಕೆಳಗೆಳೆದರು.

"ಕೂತ್ಕೋ ಮಾರಾಯ," ಎಂದು ಕಿವಿಯಲ್ಲಿ ಹೇಳಿದರು. "ಎದ್ದು ನಿಂತ್ರೆ ಅದು ನೀನೇ ಅಂತ ಗೊತ್ತಾಗ್ತದೆ."