ಪೆಟ್ರೋಲಿಗೆ ಬಿದ್ದ ಚಿಕೋರಿ

ನಮ್ಮ ಭಾವನವರಿಗೆ ಮೂಗು ಕೊಡುವಾಗ ದೇವರ ಕೈ ಸ್ವಲ್ಪ ಜಾರಿತು. ಉದ್ದದಲ್ಲಲ್ಲ, ಕೆಲಸದಲ್ಲಿ. ಉಳಿದವರು ಮೂಗನ್ನು ಉಸಿರಾಡಲು, ಕನ್ನಡಕ ಕೂರಿಸಲು ಇಟ್ಟುಕೊಂಡರೆ ಇವರು ನ್ಯಾಯ ತೀರ್ಮಾನಕ್ಕೆ ಇಟ್ಟುಕೊಂಡಿದ್ದಾರೆ. ಹೊಲಿಗೆ ಹಾಕಿದ ಕಾಫಿ ಮೂಟೆಯ ಪಕ್ಕ ಬಗ್ಗಿ, ಒಂದು ಸಲ ಉಸಿರೆಳೆದು, "ಇದು ಸರಿಯಾಗಿ ಒಣಗಿಲ್ಲ, ಮೋಡದ ದಿನ ಒಣಗಿಸಿದಾರೆ" ಎನ್ನುತ್ತಾರೆ. ಸರಿಯೋ ತಪ್ಪೋ ಯಾರಿಗೆ ಗೊತ್ತು? ಅಷ್ಟು ಗಂಭೀರವಾಗಿ ಹೇಳಿದ್ದನ್ನು ಸುಳ್ಳೆನ್ನುವ ಧೈರ್ಯ ಯಾರಿಗಿದೆ?

ಭಾವ ಎಂದರೆ ನನ್ನ ಒಡಹುಟ್ಟಿದ ಅಕ್ಕನ ಗಂಡ. ವಸ್ತಾರೆಯ ಆಚೆ ಅವರ ಕಾಫಿ ತೋಟ. ನಾನಿರುವುದು ಚಿಕ್ಕಮಗಳೂರು ಪೇಟೆಯಲ್ಲಿ. ನಾದಿನಿಯಾದ್ದರಿಂದ ಅವರನ್ನು ಗೇಲಿ ಮಾಡುವ ಹಕ್ಕು ಅಕ್ಕನ ಮದುವೆಯ ದಿನವೇ ನನಗೆ ಬಂದಿದೆ. ಅದನ್ನು ನಾನು ಒಂದು ದಿನವೂ ವ್ಯರ್ಥ ಮಾಡಿದವಳಲ್ಲ.

ಈ ಲೋಕದಲ್ಲಿ ಭಾವನಿಗೆ ಇರುವ ವೈರಿ ಒಬ್ಬನೇ, ಕಾಫಿಪುಡಿಗೆ ಬೆರೆಸುವ ಬೇರಿನ ಪುಡಿ, ಚಿಕೋರಿ. ನೀರಿನ ಲೋಟಕ್ಕೆ ಕಾಫಿಪುಡಿ ಉದುರಿಸಿದರೆ ಶುದ್ಧ ಕಾಫಿ ಮೇಲೆ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ತಳಕ್ಕಿಳಿಯುತ್ತದೆ. ಈ ಪರೀಕ್ಷೆಯನ್ನು ಅವರು ಹೋದ ಮನೆಯಲ್ಲೆಲ್ಲ ಮಾಡುತ್ತಾರೆ. ನನ್ನ ಮದುವೆಯಲ್ಲಿ ಆಚೆ ಧಾರೆ ನಡೆಯುತ್ತಿದ್ದರೆ ಇವರು ಅಡುಗೆಮನೆಯಲ್ಲಿ ಲೋಟ ಎತ್ತಿ ಹಿಡಿದು, "ಅರ್ಧಕ್ಕರ್ಧ ಚಿಕೋರಿ" ಎಂದು ಸಾರಿದರು. ಅಡುಗೆಯವರು ಸೌಟು ಕೆಳಗಿಟ್ಟು ಹೊರಟೇಬಿಟ್ಟರು. ಅವರ ಹಿಂದೆ ನಮ್ಮಪ್ಪ ಓಡಿದರು. ನನ್ನ ಕೊರಳಿಗೆ ತಾಳಿ ಬೀಳುವ ಹೊತ್ತಿಗೆ ಅಪ್ಪ ಗೇಟಿನ ಹತ್ತಿರ ಅಡುಗೆಯವರ ಕೈ ಹಿಡಿದುಕೊಂಡು ನಿಂತಿದ್ದರು. ಇರಲಿ. ಅಡುಗೆಯವರು ವಾಪಸು ಬಂದರು, ಪಾಯಸ ಚೆನ್ನಾಗಿತ್ತು. ಅಷ್ಟಾದರೂ ನಡೆಸಿಕೊಟ್ಟನಲ್ಲ ದೇವರು.

ಇಂಥವರನ್ನು ಕಟ್ಟಿಕೊಂಡೂ ಅಕ್ಕನಿಗೆ ಇರುವ ಕಷ್ಟ ಒಂದೇ. ಗಾಡಿ ಹತ್ತಿದರೆ ವಾಂತಿ. ಬಸ್ಸು, ಜೀಪು, ಅಂಬಾಸಿಡರು, ಯಾವುದಕ್ಕೂ ಅವಳ ಹೊಟ್ಟೆ ಭೇದ ಮಾಡಿದ್ದಿಲ್ಲ. ನಿಂತ ಬಸ್ಸಿನ ಡೀಸೆಲ್ ವಾಸನೆ ಸಾಕು, ಅವಳ ಮುಖ ಬಿಳಿಚಿಕೊಳ್ಳುತ್ತದೆ. ನಮ್ಮ ತವರು ಇರುವುದು ಕಳಸದಲ್ಲಿ. ಆಲ್ದೂರು, ಬಾಳೆಹೊನ್ನೂರು, ಮಾಗುಂಡಿ ದಾಟಿ ಹೋಗುವ ಆ ರಸ್ತೆಯನ್ನು ಹಾಕಿದವರು ನೇರ ಗೆರೆಯನ್ನು ಕಂಡಿದ್ದೇ ಇಲ್ಲವೇನೋ. ಮದುವೆಯಾದಾಗಿನಿಂದ ಅಕ್ಕ ತವರಿಗೆ ತಲುಪುವುದು ಹಿಂಡಿದ ಬಟ್ಟೆಯ ಹಾಗೆ. ಹೋದವಳೇ ಚಾಪೆಯ ಮೇಲೆ ಬಿದ್ದರೆ, ಹೊರಡುವ ಹೊತ್ತಿಗೆ ಎದ್ದು ಕೂರುವುದು. ತವರಿನಲ್ಲಿ ಅವಳು ಹೆಚ್ಚಾಗಿ ನೋಡಿದ್ದು ಮಾಡಿನ ಹೆಂಚನ್ನು. ಹೀಗಾಗಿ ಹೋಗುವುದು ಕಡಿಮೆಯಾಗುತ್ತ ಬಂದು, ಕೊನೆಗೆ ನಿಂತೇಹೋಯಿತು.

ಅಲ್ಲಿ ಅವ್ವ ಇದ್ದಾಳೆ. ತಮ್ಮ, ಅವನ ಹೆಂಡತಿ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವ್ವನ ಓಡಾಟ ಮನೆಯೊಳಗೇ. ಕಣ್ಣೂ ಮಂಜು. ನಾನು ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ದೊಡ್ಡವ್ಳು ಬರಲ್ವೇನೇ? ನಾನು ಇರೋದ್ರೊಳಗೆ ಒಂದ್ಸಲ ಬಂದ್ಹೋಗಕ್ಕೆ ಹೇಳು."

ಭಾವ ಹೈಬ್ರಿಡ್ ಕಾರು ಕೊಂಡದ್ದು ಈ ಕಾರಣಕ್ಕೆ. ಅರ್ಧ ಪೆಟ್ರೋಲು, ಅರ್ಧ ಕರೆಂಟು. ಸದ್ದಿಲ್ಲ, ಹೊಗೆಯಿಲ್ಲ, ಡೀಸೆಲ್ ವಾಸನೆಯಂತೂ ಇಲ್ಲವೇ ಇಲ್ಲ. ಅಕ್ಕ ಅದರಲ್ಲಿ ಕೂತು ನಮ್ಮನೆಗೆ ಬಂದಳು. ಇಳಿದವಳು ನಗುತ್ತಿದ್ದಳು. ಕಾರಿನಿಂದ ಇಳಿದು ನಗುವ ಅಕ್ಕನನ್ನು ನಾನು ಅದೇ ಮೊದಲು ನೋಡಿದ್ದು. "ಮುಂದಿನ ವಾರ ಕಳಸ" ಎಂದರು ಭಾವ, ಮೀಸೆ ತಿರುವುತ್ತ.

ಮುಂದಿನ ವಾರ ಹೊರಟರು. ಬಾಳೆಹೊನ್ನೂರು ಮುಟ್ಟುವುದರೊಳಗೆ ಅಕ್ಕ ಎರಡು ತಿರುವಿಗೊಮ್ಮೆ ಇಳಿದಿದ್ದಳು. ಅಲ್ಲಿಂದಲೇ ವಾಪಸು. ಅಕ್ಕ ಫೋನಿನಲ್ಲಿ, "ಅವ್ವಂಗೆ ಏನಾದ್ರೂ ಹೇಳು ಮಾರಾಯ್ತಿ, ವಾಂತಿ ಅಂತ ಮಾತ್ರ ಹೇಳ್ಬೇಡ" ಎಂದಳು. ತೋಟದಲ್ಲಿ ಕೆಲಸ ಎಂದು ಅವ್ವನಿಗೆ ನಾನು ಸುಳ್ಳು ಹೇಳಿದೆ. ಸಂಜೆ ದೀಪ ಹಚ್ಚುವಾಗ ದೇವರಿಗೆ ತಪ್ಪುಕಾಣಿಕೆ ಹಾಕಿಬಿಟ್ಟೆ.

ಭಾವನ ಪ್ರಕಾರ ತಪ್ಪು ಅಕ್ಕನದ್ದಲ್ಲ, ಕಾರಿನದ್ದಂತೂ ಅಲ್ಲ. "ದಾರೀಲಿ ಪೆಟ್ರೋಲ್ ಹಾಕಿಸ್ದೆ ನೋಡು, ಅಲ್ಲೇ ಕೆಟ್ಟಿದ್ದು. ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಸ್ತಾರೆ. ಕಬ್ಬಿಂದು, ಜೋಳದ್ದು. ಅಂದ್ರೆ ಏನು? ಪೆಟ್ರೋಲಿಗೂ ಚಿಕೋರಿ!"

ಅಲ್ಲಿಗೆ ಮುಗಿಯಿತು. ವೈರಿ ವೇಷ ಬದಲಿಸಿ ಕಾರಿನ ಟ್ಯಾಂಕಿಗೇ ಇಳಿದಿದ್ದಾನೆ. ಭಾವ ಸುಮ್ಮನಿರುತ್ತಾರೆಯೇ?

ನಾನು ಮರುದಿನ ವಸ್ತಾರೆಗೆ ಹೋದಾಗ ಅಕ್ಕನ ಅಡುಗೆಮನೆಯ ಕಟ್ಟೆಯ ಮೇಲೆ ಉದ್ದನೆಯ ಗಾಜಿನ ಅಳತೆ ಲೋಟವಿತ್ತು. ತೋಟದಲ್ಲಿ ಮಳೆ ಅಳೆಯಲು ಇಟ್ಟುಕೊಂಡಿರುತ್ತಾರಲ್ಲ, ಅದೇ. ಅದರೊಳಗೆ ಪೆಟ್ರೋಲು, ಅದರ ಮೇಲೆ ನೀರು ಸುರಿದು ಭಾವ ಕುಲುಕುತ್ತಿದ್ದರು. ಪಕ್ಕದಲ್ಲಿ ಗ್ಯಾಸ್ ಒಲೆ, ಅದರಾಚೆ ದೇವರ ಕೋಣೆಯಲ್ಲಿ ಉರಿಯುವ ನಂದಾದೀಪ.

"ಭಾವ, ನಮ್ಮನ್ನೆಲ್ಲ ಒಟ್ಟಿಗೆ ಕೈಲಾಸಕ್ಕೆ ಕಳಿಸೋ ಯೋಚ್ನೆನಾ?"

"ನೋಡು, ನೋಡು. ಎಥೆನಾಲ್ ನೀರಿನ ಜತೆ ಸೇರ್ಕೊಂಡು ಕೆಳಗಿಳೀತು. ನೀರು ಜಾಸ್ತಿ ಆಯ್ತು. ಕಳ್ಳ ಸಿಕ್ಕಿಬಿದ್ದ."

"ಎಂಥ ಕಳ್ಳ? ಬಂಕಿನಲ್ಲೇ ಇಪ್ಪತ್ತು ಪರ್ಸೆಂಟ್ ಅಂತ ಬೋರ್ಡ್ ಹಾಕಿದಾರೆ. ನಿಮ್ಮ ಕಾರಿನ ಪೆಟ್ರೋಲ್ ಮುಚ್ಚಳದ ಮೇಲೂ ಬರೆದಿದೆ."

"ಅವ್ರು ಬರೀಲಿ. ಚಿಕೋರಿ ಪ್ಯಾಕೆಟ್ ಮೇಲೂ ಬರ್ದಿರ್ತಾರೆ. ಕುಡಿದೋರಿಗೆ ತಾನೆ ಗೊತ್ತಾಗೋದು?"

ಲೋಟ, ಭಾವ ಇಬ್ಬರನ್ನೂ ಕಾಫಿ ಒಣಗಿಸುವ ಕಣಕ್ಕೆ ಅಟ್ಟಿ ಬಾಗಿಲು ಹಾಕಿದೆ. ಆ ದಿನ ನಮ್ಮ ಮನೆತನ ಉಳಿದದ್ದೇ ಒಂದು ಉಪಕಾರ. ತೊಂದರೆಯೆಂದರೆ ಆ ರಾತ್ರಿ ಕಾಫಿ ಹೂ ಅರಳಿಸುವ ಹೂಮಳೆ ಬಂತು. ತೋಟದವರೆಲ್ಲ ಮುಂಜಾನೆಯೇ ಒಬ್ಬರಿಗೊಬ್ಬರು ಫೋನು ಮಾಡಿ "ನಿಮ್ಗೆಷ್ಟು ಸೆಂಟ್ ಬಂತು?" ಎಂದು ಮಳೆಯ ಅಳತೆ ಕೇಳುವ ದಿನ ಅದು. ಭಾವ ಅದೇ ಲೋಟದಲ್ಲಿ ಮಳೆ ಅಳೆದು, ಮೂಸಿ ನೋಡಿ, "ಈ ಸಲದ ಮಳೆನೂ ಕಲಬೆರಕೆ" ಎಂದರಂತೆ.

ಆಮೇಲೆ ಮೂಗಿನ ಪರೀಕ್ಷೆ. ಕಾಫಿ ರುಚಿ ನೋಡುವವರು ಬಟ್ಟಲುಗಳನ್ನು ಸಾಲಾಗಿಟ್ಟು ಮೂಸುವ ಹಾಗೆ, ಅಕ್ಕನನ್ನು ಜಗಲಿಯ ಮೇಲೆ ಕೂರಿಸಿ, ಕಣ್ಣಿಗೆ ಟವೆಲ್ ಕಟ್ಟಿ, ಮುಂದೆ ಬಟ್ಟಲುಗಳನ್ನು ಇಟ್ಟರು. ಒಂದರಲ್ಲಿ ಹೊಸ ಪೆಟ್ರೋಲು. ಇನ್ನೊಂದರಲ್ಲಿ, ಕಳೆ ಕತ್ತರಿಸುವ ಮೆಷಿನ್ನಿಗೆಂದು ಯಾವ ಕಾಲದಲ್ಲೋ ತಂದು ಉಳಿದಿದ್ದ, ಎಥೆನಾಲ್ ಬೆರೆಸದ ಹಳೆಯ ಪೆಟ್ರೋಲು. ಮೂಗಿಗೆ ಹತ್ತಿದ ಪೆಟ್ರೋಲಿನ ವಾಸನೆ ಕಳೆಯಲೆಂದು ಕೊನೆಯ ಬಟ್ಟಲಿನಲ್ಲಿ ಭಾವನೇ ಇಳಿಸಿದ ಶುದ್ಧ ಕಾಫಿ ಡಿಕಾಕ್ಷನ್.

ಅಕ್ಕ ಮೊದಲನೆಯದನ್ನು ಮೂಸಿ, "ಏನೂ ಆಗಲ್ಲ" ಎಂದಳು. ಎರಡನೆಯದಕ್ಕೂ ಅದೇ ಉತ್ತರ. ಕೊನೆಯದಕ್ಕೆ ಮುಖ ಕಿವುಚಿ, "ಇದೇ ರೀ, ಇದಕ್ಕೆ ವಾಕರಿಕೆ ಬರುತ್ತೆ. ಇದನ್ನ ಮಾತ್ರ ಕಾರಿಗೆ ಹಾಕ್ಬೇಡಿ" ಎಂದಳು.

ನಾನು ನಕ್ಕು ನಕ್ಕು ಕಂಬ ಹಿಡಿದುಕೊಂಡೆ. ಭಾವ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದರು. ಅಕ್ಕನೂ ನಕ್ಕಳು, ಆದರೆ ಟವೆಲ್ ಬಿಚ್ಚುತ್ತ ನನಗೆ ಮಾತ್ರ ಕೇಳುವ ಹಾಗೆ, "ಇದೆಲ್ಲ ಯಾಕೆ ಹೇಳು. ನನ್ನ ಹೊಟ್ಟೆನೇ ಸರಿಯಿಲ್ಲ. ಅವ್ವನ್ನ ನೋಡೋ ಯೋಗ ಇದ್ರೆ ಅಲ್ವಾ" ಎಂದಳು. ನನ್ನ ನಗು ಅಲ್ಲೇ ನಿಂತಿತು.

ಭಾವ ಮಾತ್ರ ಬಿಡುವ ಜಾತಿಯಲ್ಲ. ಮುಂದಿನದು ಏರಿನ ಪರೀಕ್ಷೆ, ಅದೇ ಪೆಟ್ರೋಲಿನಲ್ಲಿ ಕಾರು ತಿರುವು ಹತ್ತುವಾಗ ಏನಾಗುತ್ತದೆ ಎಂದು. ಅತ್ತಿಗುಂಡಿಯವರೆಗೆ ಬಾಬಾಬುಡನ್‌ಗಿರಿ ಏರಿ ನೋಡಬೇಕು, ಆದರೆ ಅಕ್ಕನನ್ನು ಹತ್ತಿಸಿ ಹಿಂಸೆ ಕೊಡುವ ಹಾಗಿಲ್ಲ. ಹಾಗಾದರೆ ಅವಳ ತೂಕಕ್ಕೆ ಯಾರು? ನಾನು.

ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಮೊದಲು ಅಕ್ಕ ನಿಂತಳು, ಆಮೇಲೆ ನಾನು. ಮುಳ್ಳು ನನ್ನ ಸರದಿಗೆ ಇನ್ನಷ್ಟು ಮುಂದೆ ಓಡಿತು. ಭಾವ ಅದನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅದನ್ನು ನೋಡಿದರು.

"ಪ್ರಸಾದ ಜಾಸ್ತಿ ತಗೊಳ್ತೀಯೇನಮ್ಮ?"

"ದೇವ್ರು ಕೊಟ್ಟಿದ್ದನ್ನ ಬೇಡ ಅನ್ಬಾರ್ದು ಭಾವ."

ತೂಕ ಒಂದೇ ಇರಬೇಕು, ಇಲ್ಲದಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ. ನನ್ನನ್ನು ಇಳಿಸಲು ಬರುವುದಿಲ್ಲ. ಆದ್ದರಿಂದ ಭಾವ ಡಿಕ್ಕಿ ತೆರೆದು ಸ್ಟೆಪ್ನಿ ಚಕ್ರವನ್ನು ಇಳಿಸಿ ಮನೆಯಲ್ಲೇ ಬಿಟ್ಟರು. ಲೆಕ್ಕ ಸರಿಹೋಯಿತು. ಬುದ್ಧಿವಂತರು ಮಾಡುವ ತಪ್ಪಿಗೆ ಎಷ್ಟು ಅಚ್ಚುಕಟ್ಟು ಇರುತ್ತದೆ ನೋಡಿ.

ಏರು ಶುರುವಾಯಿತು. ಕಾರಿನೊಳಗೆ ಒಂದು ಪರದೆ. ಅದರಲ್ಲಿ ಬಾಣಗಳು. ಕಾಲು ಒತ್ತಿದರೆ ಎಂಜಿನ್ನಿನಿಂದ ಚಕ್ರಕ್ಕೆ ಬಾಣ, ಕಾಲು ಬಿಟ್ಟರೆ ಚಕ್ರದಿಂದ ಬ್ಯಾಟರಿಗೆ ಹಸಿರು ಬಾಣ. ಭಾವನಿಗೆ ಆ ಹಸಿರು ಬಾಣದ ಮೇಲೆ ಎಂಥ ಮೋಹ ಅಂತೀರಿ! ಕಾಲು ಒತ್ತುತ್ತಾರೆ, ಬಿಡುತ್ತಾರೆ. ಒತ್ತುತ್ತಾರೆ, ಬಿಡುತ್ತಾರೆ. "ನೋಡು, ಪುಗಸಟ್ಟೆ ಚಾರ್ಜ್ ಆಯ್ತು." ಪ್ರತಿ ತಿರುವಿನಲ್ಲೂ ಒಂದು ನೂಕು, ಒಂದು ಜಗ್ಗು. ನನ್ನ ಕುತ್ತಿಗೆ ಗಂಟೆಯ ನಾಲಗೆಯ ಹಾಗೆ ಮುಂದಕ್ಕೂ ಹಿಂದಕ್ಕೂ ಬಡಿಯುತ್ತಿತ್ತು. ದೇವರ ನಾಮ ಶುರು ಮಾಡಿದೆ, ಪಲ್ಲವಿಯಲ್ಲೇ ಹೊಟ್ಟೆ ಬಾಯಿಗೆ ಬಂತು. ಹುಟ್ಟಿದಾಗಿನಿಂದ ಕಳಸದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕಡಲೆಕಾಯಿ ತಿಂದುಕೊಂಡು ಓಡಾಡಿದ ನಾನು, ಸೆಲ್ಫಿ ತೆಗೆಯುತ್ತಿದ್ದ ಪ್ರವಾಸಿಗಳ ನಡುವೆ ಕಾರಿನಿಂದಿಳಿದು ಮೋರಿಯ ಅಂಚಿನಲ್ಲಿ ಕೂತೆ.

ಭಾವ ನೀರಿನ ಬಾಟ್ಲಿ ಹಿಡಿದು ಓಡಿ ಬಂದರು. ಮುಖದಲ್ಲಿ ಕನಿಕರಕ್ಕಿಂತ ಸಂತೋಷವೇ ಹೆಚ್ಚು.

"ವಾಸನೆ ಬಂತಾ? ಎಥೆನಾಲ್ ವಾಸನೆ ಬಂತಾ?"

"ಎಥೆನಾಲೂ ಅಲ್ಲ, ಚಿಕೋರಿನೂ ಅಲ್ಲ ಭಾವ. ನಿಮ್ಮ ಬಲಗಾಲು."

"ನನ್ನ ಕಾಲಾ?"

"ಒತ್ತೋದು, ಬಿಡೋದು, ಒತ್ತೋದು, ಬಿಡೋದು. ಇದು ಕಾರೋ ತೊಟ್ಟಿಲೋ? ಪೇಟೆಗೆ ಬಂದಾಗ ನಿಮ್ಗೆ ಆ ಬಾಣದ ಹುಚ್ಚು ಹಿಡಿದಿರ್ಲಿಲ್ಲ, ಅಕ್ಕ ನಗ್ತಾ ಇಳಿದ್ಲು. ಕಳಸಕ್ಕೆ ಹೊರಟ ದಿನ ಪರದೆ ನೋಡ್ಕೊಂಡು ಓಡಿಸಿರ್ತೀರಿ. ಹೌದೋ ಅಲ್ವೋ?"

ಭಾವ ತಿರುಗಿ ಕಾರಿನ ಕಡೆ ನಡೆದವರು ಅಲ್ಲೇ ನಿಂತರು. ಹಿಂದಿನ ಚಕ್ರ ನೆಲಕ್ಕೆ ಅಂಟಿತ್ತು, ಪಂಚರು. ಸ್ಟೆಪ್ನಿ ವಸ್ತಾರೆಯಲ್ಲಿ ನನ್ನ ಹೆಚ್ಚಿನ ತೂಕಕ್ಕೆ ಸಮವಾಗಿ ಮಲಗಿತ್ತು.

ನಮ್ಮ ಯಜಮಾನರು ಅದನ್ನು ಹೊತ್ತುಕೊಂಡು ಬರುವವರೆಗೆ ನಾವಿಬ್ಬರೂ ಚಹದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ಪಂಚರಾದದ್ದು ಅಂಗಡಿಯ ಎದುರಿಗೇ, ಅದೂ ಮಂಜು ಇಳಿಯುವುದಕ್ಕೆ ಮುಂಚೆ. ಕಣ್ಣಿದ್ದವರಿಗೆ ದೇವರ ದಯೆ ಎಲ್ಲ ಕಡೆ ಕಾಣುತ್ತದೆ. ಭಾವ ಚಹದ ಲೋಟವನ್ನೇ ನೋಡುತ್ತ ಹೇಳಿದರು: "ಬಾಳೆಹೊನ್ನೂರಲ್ಲಿ ಅವ್ಳು ರಸ್ತೆ ಬದಿ ಕೂತ್ಕೊಂಡು, 'ಕ್ಷಮಿಸಿ ರೀ, ನಿಮ್ಮ ಹೊಸ ಕಾರಲ್ಲೂ ಹೀಗಾಯ್ತು' ಅಂದ್ಲು. ನಾನು ಪರ್ವಾಗಿಲ್ಲ ಬಿಡು ಅಂದೆ. ಪರ್ವಾಗಿಲ್ಲ ಅಂದೆ ಕಣೇ ನಾನು, ದೊಡ್ಡ ಮನುಷ್ಯನ ಹಾಗೆ."

ಗೇಲಿ ಮಾಡುವ ಹಕ್ಕು ಇದ್ದರೂ ನಾನು ಆಗ ಬಳಸಲಿಲ್ಲ.

ಅಕ್ಕನಿಗೆ ವಿಷಯ ಹೇಳಿದಾಗ ಅವಳು ಕೋಪಿಸಿಕೊಳ್ಳಲಿಲ್ಲ. "ಇಷ್ಟು ವರ್ಷ ಎಲ್ಲದಕ್ಕೂ ನನ್ನ ಹೊಟ್ಟೆನೇ ಬೈಸ್ಕೊಂಡಿದೆ. ಒಂದ್ಸಲನಾದ್ರೂ ಬೇರೆಯೋರ ತಪ್ಪಾಯ್ತಲ್ಲ, ಹಾಯಾಯ್ತು ನೋಡು" ಎಂದಳು.

ಭಾವ ಮತ್ತೆ ಪರೀಕ್ಷೆ ಶುರು ಮಾಡಿದರು. ಈ ಸಲ ಪೆಟ್ರೋಲಿನದ್ದಲ್ಲ, ಕಾಲಿನದ್ದು. ಪರದೆಗೆ ಅಕ್ಕನ ಹಳೆಯ ಸೆರಗಿನ ತುಂಡು ಹೊದಿಸಿದರು. ಹಿಂದಿನ ಸೀಟಿನಲ್ಲಿ ಪಾಲಿಥಿನ್ ಚೀಲದ ಕಾಫಿ ಸಸಿಗಳನ್ನು ಸಾಲಾಗಿ ಕೂರಿಸಿದರು. ಎಳೆ ಸಸಿ ಸಾಗಿಸುವಾಗ ಗಾಡಿ ಎತ್ತಿಹಾಕಿದರೆ ಚೀಲದೊಳಗಿನ ಮಣ್ಣು ಬಿರಿಯುತ್ತದೆ, ಬೇರು ಸಡಿಲವಾಗಿ ಗಿಡ ಹಿಡಿಯುವುದಿಲ್ಲ. ತೋಟದವರಿಗೆಲ್ಲ ಗೊತ್ತಿರುವ ಮಾತು. ಭಾವ ಆ ಸಸಿಗಳನ್ನು ಬಾಳೆಹೊನ್ನೂರಿಗೆ ಕರೆದುಕೊಂಡು ಹೋಗುವುದು, ವಾಪಸು ತರುವುದು, ಒಂದೊಂದನ್ನೂ ಒತ್ತಿ ನೋಡುವುದು. ನಮ್ಮ ಯಜಮಾನರು, "ಗಿಡಗಳಿಗೆ ಈಗ ರೂಟ್ ಗೊತ್ತಾಗಿದೆ, ನಾಳೆಯಿಂದ ಅವೇ ಓಡಿಸ್ಲಿ" ಎಂದರು. ಯಾವ ಸಸಿಯ ಮಣ್ಣೂ ಬಿರಿಯದ ದಿನ ಭಾವ ಫೋನು ಮಾಡಿದರು. "ನಾಳೆ ಹೊರಡೋಣ. ನೀನೂ ಬಾ. ತೂಕಕ್ಕಲ್ಲ ಮಾರಾಯ್ತಿ, ಧೈರ್ಯಕ್ಕೆ."

ಅದೇ ಬಂಕಿನಲ್ಲಿ ಅದೇ ಎಥೆನಾಲ್ ಪೆಟ್ರೋಲು ಹಾಕಿಸಿಕೊಂಡು ಹೊರಟೆವು. ಭಾವ ರಸ್ತೆಯನ್ನೇ ನೋಡುತ್ತ ಓಡಿಸಿದರು. ಅಕ್ಕ ಕಣ್ಣು ಮುಚ್ಚಿ ನನ್ನ ಕೈ ಹಿಡಿದಿದ್ದಳು. ಬಾಳೆಹೊನ್ನೂರು ದಾಟಿತು. ಹಿಡಿತ ಸ್ವಲ್ಪ ಸಡಿಲವಾಯಿತು. ಮಾಗುಂಡಿ ದಾಟಿದ ಮೇಲೆ ಅಕ್ಕ ಕಣ್ಣು ಬಿಟ್ಟು ಕಿಟಕಿಯಾಚೆ ನೋಡಿ, "ಇಲ್ಲೆಲ್ಲ ಇಷ್ಟು ಚೆನ್ನಾಗಿದ್ಯೇನೇ?" ಎಂದಳು. ಆ ರಸ್ತೆಯಲ್ಲಿ ಅವಳು ತಲೆಯೆತ್ತಿ ಕೂತದ್ದು ಅದೇ ಮೊದಲು.

ಕಳಸದ ಮನೆಯ ಬಾಗಿಲಲ್ಲಿ ಅವ್ವ ತಮ್ಮನ ಹೆಂಡತಿಯ ತೋಳು ಹಿಡಿದು ನಿಂತಿದ್ದಳು. ಕಾಲ ಬಳಿ ತಂಬಿಗೆಯಲ್ಲಿ ನೀರು, ಭುಜದ ಮೇಲೆ ಮುಖ ಒರೆಸುವ ಬಟ್ಟೆ. ಅಕ್ಕ ಕಾರಿನಿಂದ ಇಳಿದು, ಯಾರನ್ನೂ ಹಿಡಿಯದೆ, ಸೀರೆ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು. ಅವ್ವ ಮಂಜುಗಣ್ಣು ಕಿರಿದು ಮಾಡಿ ನೋಡಿದಳು.

"ಇದ್ಯಾರು ಬಂದಿರೋದು? ದೊಡ್ಡವ್ಳೆಲ್ಲಿ?"

"ನಾನೇ ಅವ್ವ."

ಅವ್ವ ಕೈ ಚಾಚಿ ಅಕ್ಕನ ಕೆನ್ನೆ ಮುಟ್ಟಿದಳು. ಬೆವರಿರಲಿಲ್ಲ, ತಣ್ಣಗಿರಲಿಲ್ಲ. ಹಣೆ ಸವರಿ ನೋಡಿದಳು. ಭುಜದ ಬಟ್ಟೆಯನ್ನು ತೆಗೆದು ಸೊಸೆಯ ಕೈಗೆ ಕೊಟ್ಟಳು. ಆಮೇಲೆ, ನಾನು ಹೋದಾಗಲೆಲ್ಲ ನನ್ನನ್ನು ಕೇಳುತ್ತಿದ್ದ, ಮದುವೆಯಾದ ಮೇಲೆ ಈ ಬಾಗಿಲಲ್ಲಿ ಅಕ್ಕನನ್ನು ಮಾತ್ರ ಒಮ್ಮೆಯೂ ಕೇಳಲು ಆಗದೇಹೋದ ಮಾತನ್ನು ಕೇಳಿದಳು.

"ಹೊಟ್ಟೆ ಹಸ್ದಿದ್ಯೇನೇ ಮಗಾ?"

ಅಕ್ಕ ಅವ್ವನ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಅಂಗಳದಲ್ಲಿ ಕಾರಿನ ಬಾಗಿಲು ಹಿಡಿದು ನಿಂತಿದ್ದ ಭಾವನೇ ಹೇಳಿದರು:

"ಹಸ್ದಿದೆ ಅತ್ತೆ. ಬಡಿಸಿ ಅವ್ಳಿಗೆ."